ಪೋಸ್ಟರ್ ಯಾರೂ ಓದಲ್ಲ ಅಂದಿದ್ದು ನಾನೇ

ಹೋದ ಸಂಚಿಕೆಯಲ್ಲಿ ‘ಆರೋಗ್ಯದ ಪೋಸ್ಟರನ್ನು ಯಾರೂ ನಿಂತು ಓದುವುದಿಲ್ಲ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದೆ. ಅದನ್ನೇ ಹಿಡಿದುಕೊಂಡು, ಡಿಸೈನ್ ಕಲಿಯುತ್ತಿರುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಸ್ನೇಹಿತರ ಬ್ಯಾಂಡ್ ಎಂಟು ಊರುಗಳಿಗೆ ಸಂಗೀತ ಪ್ರವಾಸ ಹೊರಟಿದೆ. ಎಚ್‌ಐವಿ ಬಗ್ಗೆ ಹುಡುಗ ಹುಡುಗಿಯರಿಗೆ ತಿಳಿಸಬೇಕು, ಪರೀಕ್ಷೆಯ ಭಯ ಬಿಡಿಸಬೇಕು ಎಂಬುದು ಉದ್ದೇಶ. ಪೋಸ್ಟರ್, ಟಿಕೆಟ್, ವೇದಿಕೆಯ ಪರದೆ, ಟೀ ಶರ್ಟ್ ಎಲ್ಲಾ ಇವರ ತಲೆಗೇ ಬಂದಿದೆ. ವೈದ್ಯರು ನಾಲ್ಕು ಪುಟ ಮ್ಯಾಟರ್ ಕೊಟ್ಟು, ಒಂದು ಸಾಲೂ ಬಿಡಬಾರದು ಎಂದಿದ್ದಾರೆ. ಬ್ಯಾಂಡಿನವರಿಗೆ ತಮ್ಮ ಫೋಟೊ ದೊಡ್ಡದಾಗಿ ಬರಬೇಕು. ‘ಯಾರೂ ಓದದಿದ್ದರೆ ನನ್ನ ಕೆಲಸ ದಂಡವೇ?’ ಎಂದು ಕೇಳಿದ್ದಾರೆ.

ದಂಡ ಅಲ್ಲ. ನನ್ನ ಸಾಲನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಜನ ನಿಂತು ಓದುವುದಿಲ್ಲ, ಕೂತು ಓದುತ್ತಾರೆ. ಎಲ್ಲಿ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಫೋಟೊ ಜಗಳ ಮುಗಿಸೋಣ. ಬ್ಯಾಂಡಿನವರು ಹೇಳುವುದೇ ಸರಿ. ಗೋಡೆಯ ಪೋಸ್ಟರ್ ಇರುವುದು ಕಾರ್ಯಕ್ರಮಕ್ಕೆ ಜನ ಕರೆಯುವುದಕ್ಕೆ. ಯಾರು ಹಾಡುತ್ತಾರೆ, ಯಾವತ್ತು, ಎಲ್ಲಿ, ಇಷ್ಟಿದ್ದರೆ ಸಾಕು. ಮೂರು ಮೀಟರ್ ದೂರದಿಂದ ಆರಾಮಾಗಿ ಓದಬೇಕಾದರೆ ಅಕ್ಷರ ಸುಮಾರು 25 ಮಿಲಿಮೀಟರ್ ಎತ್ತರ ಇರಬೇಕು ಎಂಬುದು ಬೋರ್ಡ್ ಬರೆಯುವವರ ಅಂದಾಜು. ಆ ಲೆಕ್ಕದಲ್ಲಿ ವೈದ್ಯರ ನಾಲ್ಕು ಪುಟ ಹಾಕಲು ಇಡೀ ಕಟ್ಟಡ ಬೇಕಾಗುತ್ತದೆ. ಬಣ್ಣದ ವಿಷಯದಲ್ಲಿ ನನ್ನ ಅನುಭವ ಕೇಳಿ. ಒಮ್ಮೆ ನಮ್ಮ ಪತ್ರಿಕೆಯ ಪೋಸ್ಟರಿನಲ್ಲಿ ಬಿಳಿಯ ಮೇಲೆ ಹಳದಿ ಅಕ್ಷರ ಬಿಟ್ಟೆ. ಕಂಪ್ಯೂಟರ್ ಮುಂದೆ ಮಿರಮಿರ ಮಿಂಚುತ್ತಿತ್ತು. ಅಚ್ಚಾಗಿ ಗೋಡೆಗೆ ಹೋದ ಮೇಲೆ ಖಾಲಿ ಕಾಗದ ಅಂಟಿಸಿದ ಹಾಗಿತ್ತು. ಕಪ್ಪು ಬಿಳುಪಿನಲ್ಲಿ ಒಂದು ಪ್ರಿಂಟ್ ತೆಗೆದು ನೋಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಕೆಂಪು ಹಸಿರು ವ್ಯತ್ಯಾಸ ಸರಿಯಾಗಿ ಕಾಣದವರೂ ಇರುತ್ತಾರೆ, ಅದರಲ್ಲೂ ಗಂಡಸರಲ್ಲಿ ಹೆಚ್ಚು. ಅವರ ಕಷ್ಟವೂ ಆ ಪ್ರಿಂಟಿನಲ್ಲಿ ಗೊತ್ತಾಗುತ್ತದೆ.

ಈಗ ಕೂತು ಓದುವ ಜಾಗ. ಶೌಚಾಲಯದ ಬಾಗಿಲಿನ ಒಳಬದಿ.

ನಗಬೇಡಿ. ಎಚ್‌ಐವಿ ಅಂತ ದೊಡ್ಡದಾಗಿ ಬರೆದ ಸ್ಟಾಲಿನ ಮುಂದೆ, ಪಕ್ಕದಲ್ಲಿ ನಾಲ್ಕು ಜನ ಗೆಳೆಯರು ಇರುವಾಗ, ಯಾವ ಹುಡುಗ ಫೋನ್ ತೆಗೆದು ಕ್ಯೂಆರ್ ಕೋಡ್ ಹಿಡಿಯುತ್ತಾನೆ? ‘ಏನೋ, ನಿನಗ್ಯಾಕೆ ಇದು?’ ಎಂಬ ಒಂದು ಮಾತು ಸಾಕು, ಕೈ ಜೇಬಿಗೆ ವಾಪಸ್. ಬಾಗಿಲು ಹಾಕಿಕೊಂಡ ಮೇಲೆ ಅವನು ಒಬ್ಬನೇ. ಎರಡು ನಿಮಿಷ ಬಿಡುವು. ಕೈಯಲ್ಲಿ ಫೋನ್. ಎದುರಿಗೆ ನಿಮ್ಮ ಸ್ಟಿಕರ್. ಇಡೀ ಪ್ರವಾಸದಲ್ಲಿ ನಿಮಗೆ ಸಿಗುವ ಅತಿ ಒಳ್ಳೆಯ ಓದುಗ ಅವನೇ.

ಆದ್ದರಿಂದ ಜಾಸ್ತಿ ಶ್ರಮ ಅಲ್ಲಿ ಹಾಕಿ. ಕೂತವರ ಕಣ್ಣಿನ ಮಟ್ಟಕ್ಕೆ ಅಂಟಿಸಿ. ಹೊಳೆಯುವ ಲ್ಯಾಮಿನೇಷನ್ ಬೇಡ, ಮೇಲಿನ ಬಲ್ಬ್ ಪ್ರತಿಫಲಿಸಿ ಕ್ಯಾಮೆರಾಗೆ ಕೋಡ್ ಕಾಣುವುದಿಲ್ಲ. ಹಿಡಿಯುವ ದೂರದ ಹತ್ತನೇ ಒಂದು ಭಾಗದಷ್ಟು ಕೋಡ್ ಅಗಲ ಇರಲಿ. 40 ಸೆಂಟಿಮೀಟರ್ ದೂರವಾದರೆ 4 ಸೆಂಟಿಮೀಟರ್. ಸುತ್ತ ಬಿಳಿ ಜಾಗ ಬಿಡಿ, ಚೆಂದಕ್ಕೆ ಅಂತ ಹೂಬಳ್ಳಿ ಸುತ್ತಬೇಡಿ. ಸಾವಿರಾರು ಜನ ಸೇರಿದ ಕಡೆ ನೆಟ್‌ವರ್ಕ್ ಕೈಕೊಡುತ್ತದೆ, ಅದಕ್ಕೇ ಕೆಳಗೆ ಸಹಾಯವಾಣಿ ನಂಬರ್ ಅಂಕಿಯಲ್ಲೂ ಇರಲಿ. ಒಂದೊಂದು ಜಾಗಕ್ಕೆ ಬೇರೆ ಬೇರೆ ಕೋಡ್ ಮಾಡಿದರೆ ಯಾವುದನ್ನು ಎಷ್ಟು ಜನ ತೆರೆದರು ಎಂಬ ಲೆಕ್ಕವೂ ಸಿಗುತ್ತದೆ. ವೈದ್ಯರ ನಾಲ್ಕು ಪುಟ ಕೋಡ್ ಹಿಂದೆ ತೆರೆಯುವ ಪುಟಕ್ಕೆ ಹೋಗಲಿ. ಒಂದು ಸಾಲೂ ಬಿಟ್ಟಂತಾಗುವುದಿಲ್ಲ, ಅಲ್ವಾ?

ಸ್ಟಿಕರ್ ಮೇಲೆ ‘ಜಾಗೃತರಾಗಿ’ ಅಂತ ಮಾತ್ರ ಬರೆಯಬೇಡಿ. ಜಾಗೃತರಾಗಿ ಏನು ಮಾಡಬೇಕು? ಪರೀಕ್ಷೆ ಹೇಗಿರುತ್ತದೆ ಎಂದು ಹೇಳಿ. ಬೆರಳ ತುದಿಯಿಂದ ಒಂದು ಹನಿ ರಕ್ತ, ಅರ್ಧ ಗಂಟೆಯೊಳಗೆ ಫಲಿತಾಂಶ, ಸೋಂಕು ಇರಬಹುದು ಎಂದು ಬಂದರೆ ಖಚಿತಪಡಿಸಲು ಇನ್ನೊಂದು ಪರೀಕ್ಷೆ. ಚಿಕಿತ್ಸೆ ತಪ್ಪದೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಈ ಮಾತು ಎಷ್ಟೋ ಜನಕ್ಕೆ ಇನ್ನೂ ಗೊತ್ತಿಲ್ಲ.

ನಾನಾಗಿದ್ದರೆ ಇಡೀ ಪ್ರವಾಸಕ್ಕೆ ಒಂದೇ ಅಂಕಿ ಇಟ್ಟುಕೊಳ್ಳುತ್ತಿದ್ದೆ: 72. ಸೋಂಕು ತಗುಲಿರಬಹುದಾದ ಘಟನೆ ನಡೆದ 72 ಗಂಟೆಯೊಳಗೆ ಔಷಧ ಶುರು ಮಾಡಿ 28 ದಿನ ತೆಗೆದುಕೊಂಡರೆ ಎಚ್‌ಐವಿ ತಡೆಯುವ ಸಾಧ್ಯತೆ ತುಂಬಾ ಇದೆ. ಟೀ ಶರ್ಟಿನ ಎದೆಯ ಮೇಲೆ ಬರೀ 72. ನೋಡಿದವರು ‘ಇದೇನು?’ ಎಂದು ಕೇಳಬೇಕು. ಈ ಉಪಾಯ ನನ್ನದಲ್ಲ. ರಾಬೆನ್ ದ್ವೀಪದ ಜೈಲಿನಲ್ಲಿ ನೆಲ್ಸನ್ ಮಂಡೇಲಾ 1964ನೇ ಇಸವಿಯ 466ನೇ ಕೈದಿ. ಆ 46664ನ್ನೇ ಹೆಸರಾಗಿಟ್ಟು 2003ರ ನವೆಂಬರ್ 29ರಂದು ಕೇಪ್‌ಟೌನ್‌ನಲ್ಲಿ ಏಡ್ಸ್ ವಿರುದ್ಧ ದೊಡ್ಡ ಸಂಗೀತ ಕಾರ್ಯಕ್ರಮ ನಡೆಯಿತು. 1991ರಲ್ಲಿ ನ್ಯೂಯಾರ್ಕಿನ ಕಲಾವಿದರು ಏಡ್ಸ್ ಜಾಗೃತಿಯ ಗುರುತಾಗಿ ಹುಟ್ಟುಹಾಕಿದ ಕೆಂಪು ರಿಬ್ಬನ್ ಕೂಡ ಇದೇ ಜಾತಿಯದು. ಅದರ ಮೇಲೆ ಒಂದಕ್ಷರವೂ ಇಲ್ಲ. ಧರಿಸಿದವರಿಗೆ ಕಾಯಿಲೆ ಇದೆಯೋ ಇಲ್ಲವೋ ಅದು ಹೇಳುವುದಿಲ್ಲ. ಹಾಗಾಗಿ ಯಾರು ಬೇಕಾದರೂ ಹಾಕಿಕೊಂಡರು.

72ರಲ್ಲಿ ಒಂದು ಅಪಾಯ ಇದೆ. ‘ಮೂರು ದಿನ ಟೈಮ್ ಇದೆ, ನಿಧಾನಕ್ಕೆ ಹೋದರಾಯಿತು’ ಎಂದು ಯಾರಾದರೂ ತಿಳಿಯಬಹುದು. ನಿಜಕ್ಕೂ ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು, 72 ಕೊನೆಯ ಗಡಿ. ಅಚ್ಚಿಗೆ ಕಳಿಸುವ ಮುಂಚೆ ಗುರುತಿಲ್ಲದ ಹತ್ತು ಜನಕ್ಕೆ ಸ್ಟಿಕರ್ ತೋರಿಸಿ, ಕೈಯಿಂದ ಮುಚ್ಚಿ, ‘ಏನು ಓದಿದಿರಿ?’ ಎಂದು ಕೇಳಿ. ‘ಅರ್ಥ ಆಯ್ತಾ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ.

ವೇದಿಕೆಯ ಪರದೆಗೆ ಎರಡೇ ಮಾತು. ಹಾಡಿನ ಮಧ್ಯೆ ಸಂದೇಶ ತೂರಿಸಬೇಡಿ, ಹಾಡು ಮುಗಿದು ಗಿಟಾರ್ ಶ್ರುತಿ ಮಾಡಿಕೊಳ್ಳುವಾಗ ಹಾಕಿ, ಐದಾರು ಪದ ಸಾಕು. ಇನ್ನು, ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಣುಕುವ ಚಿತ್ರ ಬೇಡ, ಕೆಲವರಿಗೆ ಅದರಿಂದ ಮೂರ್ಛೆ ಬರುತ್ತದೆ.

ವೈದ್ಯರ ಮ್ಯಾಟರ್ ‘ಬಹುತೇಕ ಯುವಕರು ಪರೀಕ್ಷೆಯನ್ನೇ ಮಾಡಿಸಿಕೊಳ್ಳುವುದಿಲ್ಲ’ ಎಂದು ಶುರುವಾಗುತ್ತದಂತೆ. ಆ ಸಾಲು ಮಾತ್ರ ಕಿತ್ತುಹಾಕಲು ಅವರನ್ನು ಒಪ್ಪಿಸಿ. ಅಮೆರಿಕದ ಅರಿಜೋನಾದಲ್ಲಿ ಮರಗಳೇ ಕಲ್ಲಾಗಿರುವ ಒಂದು ರಾಷ್ಟ್ರೀಯ ಉದ್ಯಾನ ಇದೆ. ಬಂದವರು ಚೂರು ಚೂರು ಜೇಬಿಗಿಳಿಸುತ್ತಿದ್ದರು. ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಮತ್ತು ಜೊತೆಯವರು ಅಲ್ಲಿ ಎರಡು ಥರದ ಫಲಕ ಇಟ್ಟು ನೋಡಿದರು. ‘ತುಂಬಾ ಜನ ಒಯ್ಯುತ್ತಿದ್ದಾರೆ, ಕಾಡು ಹಾಳಾಗುತ್ತಿದೆ’ ಎಂದಿದ್ದ ಕಡೆ, ಗುರುತು ಮಾಡಿಟ್ಟ ತುಂಡುಗಳಲ್ಲಿ ಶೇಕಡಾ 8ರಷ್ಟು ಮಾಯ. ‘ದಯವಿಟ್ಟು ಒಯ್ಯಬೇಡಿ’ ಎಂದಷ್ಟೇ ಇದ್ದ ಕಡೆ ಶೇಕಡಾ 2ಕ್ಕಿಂತ ಕಡಿಮೆ. ಎಲ್ಲರೂ ಹಾಗೇ ಮಾಡ್ತಾರೆ ಅಂದರೆ ನಾನೂ ಮಾಡಿದರೇನು ಅನ್ನಿಸುತ್ತದೆ. ತಲೆಬುರುಡೆ ಚಿತ್ರವೂ ಅಷ್ಟೇ. ಹೆದರಿಸಿ ದಾರಿ ತೋರಿಸದಿದ್ದರೆ ಜನ ಮುಖ ತಿರುಗಿಸಿಕೊಂಡು ಹೋಗುತ್ತಾರೆ.

ನೀವು ಕೇಳದೇ ಇದ್ದದ್ದು ಒಂದು. ಆರೋಗ್ಯದ ಹೆಸರಲ್ಲಿ ಕರೆದು ಕಿವಿ ಕೆಡಿಸಿ ಕಳಿಸಬೇಡಿ. ಇಂಥ ಕಾರ್ಯಕ್ರಮಗಳಲ್ಲಿ ಶಬ್ದ ಸರಾಸರಿ 100 ಡೆಸಿಬಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಬಾಗಿಲಲ್ಲಿ ಕರಪತ್ರದ ಬದಲು ಕಿವಿಗೆ ಇಡುವ ಪ್ಲಗ್ ಕೊಡಿ, ಆ ಪುಟ್ಟ ಚೀಲದ ಮೇಲೆ 72 ಅಚ್ಚು ಹಾಕಿಸಿ. ಕರಪತ್ರ ನೆಲಕ್ಕೆ ಬೀಳುತ್ತದೆ, ಇದು ಮನೆಗೆ ಹೋಗುತ್ತದೆ.

ಮೊದಲ ಊರಿನ ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಸ್ಟಿಕರಿನ ಫೋಟೊ ನನಗೊಂದು ಕಳಿಸಿ. ಅದರ ಮೇಲೆ ಯಾರಾದರೂ ಏನಾದರೂ ಗೀಚಿದ್ದರೆ ಒರೆಸಬೇಡಿ, ಹಾಗೇ ಕಳಿಸಿ. ಓದಿದ್ದಾರೆ ಅಂತ ನಮ್ಮಿಬ್ಬರಿಗೂ ಗೊತ್ತಾಗುತ್ತದೆ.

– ಸಂಪಾದಕ