ಕಂಪ್ಯೂಟರ್ ಪ್ರಶ್ನೋತ್ತರ: ಹೊಸ ಯಂತ್ರದಲ್ಲಿ ಹಳೆಯ ವಿಂಡೋಸ್

ಪ್ರಶ್ನೆ: ಮಾನ್ಯರೇ, ಗದಗಿನಲ್ಲಿ ನಮ್ಮದೊಂದು ಚಿಕ್ಕ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ ಇವೇ ನಮ್ಮ ಮುಖ್ಯ ಕೆಲಸ. 2006ರಲ್ಲಿ ಕೊಂಡ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ, ಪುಟ ಜೋಡಿಸುವ ಪೇಜ್‌ಮೇಕರ್ 7 ಮತ್ತು ಡಾಂಗಲ್ ಎಂಬ ಚಿಕ್ಕ ಬೀಗದಕೈ ಸಾಧನ ಸಿಕ್ಕಿಸಿದರೆ ಮಾತ್ರ ತೆರೆದುಕೊಳ್ಳುವ ಒಂದು ಕನ್ನಡ ತಂತ್ರಾಂಶ ಇದ್ದವು. ಕಳೆದ ತಿಂಗಳು ಅದರ ಮದರ್‌ಬೋರ್ಡ್ ಸುಟ್ಟುಹೋಯಿತು, ಹಾರ್ಡ್‌ಡಿಸ್ಕ್ ಸುರಕ್ಷಿತವಾಗಿದೆ. ರಿಪೇರಿಯವರು ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿಗೆ ಎಕ್ಸ್‌ಪಿ ಹಾಕಲು ನೋಡಿದಾಗ ನೀಲಿ ಪರದೆ ಬಂದು ನಿಂತಿತು. ಹೊಚ್ಚ ಹೊಸ ಇನ್ನೊಂದರಲ್ಲಿ ಸಿಡಿಯಿಂದ ಯಂತ್ರ ಶುರುವಾಗಲೇ ಇಲ್ಲ. ನಮ್ಮ ಹಳೆಯ ಕಡತಗಳೆಲ್ಲ ಪೇಜ್‌ಮೇಕರಿನಲ್ಲೇ ಇವೆ. ಏನು ಮಾಡಬೇಕು?

ಉತ್ತರ: ಎಲ್ಲಕ್ಕಿಂತ ಮೊದಲು ಆ ಹಾರ್ಡ್‌ಡಿಸ್ಕನ್ನು ಯಾವ ಯಂತ್ರಕ್ಕೂ ಜೋಡಿಸಿ ಬೂಟ್ ಮಾಡಲು ಹೋಗಬೇಡಿ. ಐಡಿಇ ಅಥವಾ ಸಾಟಾ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ಅದರ ಮೂಲಕ ಎಲ್ಲ ಕಡತಗಳನ್ನೂ, ಮರೆಯದೆ ಫಾಂಟುಗಳ ಫೋಲ್ಡರನ್ನೂ, ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲಿಸಿಕೊಳ್ಳಿ. ಇಷ್ಟು ವರ್ಷ ದುಡಿದ ಡಿಸ್ಕ್ ಇನ್ನೆಷ್ಟು ದಿನ ತಿರುಗುತ್ತದೆ ಎಂದು ಯಾರೂ ಹೇಳಲಾರರು.

ಇನ್ನು ನೀವು ಕಂಡ ಎರಡು ತೊಂದರೆಗಳ ಮೂಲ ಬೇರೆ ಬೇರೆ. ಎಕ್ಸ್‌ಪಿ ಹೊರಬಂದದ್ದು 2001ರ ಅಕ್ಟೋಬರಿನಲ್ಲಿ. ಆಗ ಸಾಮಾನ್ಯ ಕಂಪ್ಯೂಟರುಗಳ ಡಿಸ್ಕುಗಳೆಲ್ಲ ಐಡಿಇ ಮಾದರಿಯವು. ಆಮೇಲೆ ಬಂದ ಸಾಟಾ ಡಿಸ್ಕುಗಳು ಎಎಚ್‌ಸಿಐ ಎಂಬ ವಿಧಾನದಲ್ಲಿ ನಡೆಯುತ್ತವೆ ಮತ್ತು ಅದನ್ನು ಗುರುತಿಸುವ ಡ್ರೈವರ್ ಎಂಬ ತಂತ್ರಾಂಶ ಎಕ್ಸ್‌ಪಿಯ ಸಿಡಿಯಲ್ಲಿಲ್ಲ. ಅನುಸ್ಥಾಪನೆ ನಡುವೆ ಡಿಸ್ಕೇ ಕಾಣದಂತಾದಾಗ ಕೊನೆಯಲ್ಲಿ 7ಬಿ ಎಂಬ ಸಂಕೇತವಿರುವ ನೀಲಿ ಪರದೆ ಬರುತ್ತದೆ. ನಿಮ್ಮವರು ಕಂಡದ್ದು ಬಹುತೇಕ ಅದೇ ಇರಬೇಕು. ಯಂತ್ರ ಶುರುವಾಗುವಾಗ ಮೊದಲು ಓಡುವ ಬಯಾಸ್‌ನಲ್ಲಿ ಸಾಟಾ ವಿಧಾನವನ್ನು ಐಡಿಇ ಎಂದು ಬದಲಿಸಲು ಅವಕಾಶವಿದ್ದರೆ ಆ ಸೆಕೆಂಡ್ ಹ್ಯಾಂಡ್ ಯಂತ್ರದಲ್ಲಿ ಕೆಲಸ ಮುಂದುವರಿಯಬಹುದು. ಹಿಂದೆ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡುತ್ತಿದ್ದರು. ಈಗ ಫ್ಲಾಪಿ ಡ್ರೈವ್ ಹುಡುಕುವುದೇ ಇನ್ನೊಂದು ರಿಪೇರಿಯಾದೀತು. ಹೊಸ ಯಂತ್ರದ ವಿಷಯವೇ ಬೇರೆ. ಎಕ್ಸ್‌ಪಿ ಏಳುವುದು ಹಳೆಯ ಬಯಾಸ್ ಕ್ರಮದಲ್ಲಿ ಮಾತ್ರ. ಬಯಾಸಿನ ಬದಲಿಗೆ ಬಂದ ಯುಇಎಫ್‌ಐ ಇರುವ ಯಂತ್ರಗಳಲ್ಲಿ ಬಹಳ ಕಾಲ ಸಿಎಸ್‌ಎಂ ಎಂಬ ಹೊಂದಾಣಿಕೆಯ ಭಾಗವಿದ್ದು ಹಳೆಯ ಕ್ರಮವನ್ನೂ ನಡೆಸಿಕೊಡುತ್ತಿತ್ತು, ಆದರೆ ಅದನ್ನು 2020ರ ಹೊತ್ತಿಗೆ ಕೈಬಿಡುವುದಾಗಿ ಇಂಟೆಲ್ 2017ರಲ್ಲೇ ಪ್ರಕಟಿಸಿತ್ತು. ಸಿಎಸ್‌ಎಂ ಇಲ್ಲದ ಯಂತ್ರದಲ್ಲಿ ನಿಮ್ಮ ಸಿಡಿಗೆ ಬಾಗಿಲೇ ಇಲ್ಲ.

ಹೇಗೋ ಹಾಕಿಸಿದಿರಿ ಎಂದೇ ಇಟ್ಟುಕೊಳ್ಳೋಣ. ಆಗ ಗ್ರಾಫಿಕ್ಸಿಗೆ ಎಕ್ಸ್‌ಪಿಯ ಡ್ರೈವರ್ ಇರುವುದಿಲ್ಲ, ಯುಎಸ್‌ಬಿ 3 ಗೊತ್ತಿರುವುದಿಲ್ಲ, 32 ಬಿಟ್‌ನ ಮಿತಿಯಿಂದಾಗಿ 16 ಜಿಬಿ ಮೆಮೊರಿ ಹಾಕಿದರೂ ಬಳಕೆಗೆ ದಕ್ಕುವುದು ಮೂರೂ ಚಿಲ್ಲರೆ ಜಿಬಿ ಮಾತ್ರ, ಎಸ್‌ಎಸ್‌ಡಿ ಹಾಕಿದರೆ ಅಳಿಸಿದ ಜಾಗವನ್ನು ಅದಕ್ಕೆ ತಿಳಿಸುವ ಟ್ರಿಮ್ ಎಂಬ ವ್ಯವಸ್ಥೆ ಇಲ್ಲ. ಎತ್ತಿನ ಗಾಡಿಗೆ ಲಾರಿಯ ಎಂಜಿನ್ ಕೂರಿಸಿದ ಹಾಗೆ: ಕಷ್ಟವೆಲ್ಲ ನಿಮ್ಮದು, ವೇಗ ಮಾತ್ರ ಎತ್ತಿನದು.

ಆದ್ದರಿಂದ ನನ್ನ ಸಲಹೆ ಇದು. ಹೊಸ ಯಂತ್ರದಲ್ಲಿ ಹೊಸ ವಿಂಡೋಸ್ ಅಥವಾ ಲಿನಕ್ಸ್ ಇರಲಿ. ಅದರೊಳಗೆ ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶದಿಂದ ಒಂದು ವರ್ಚುವಲ್ ಯಂತ್ರವನ್ನು, ಅಂದರೆ ಕಂಪ್ಯೂಟರಿನೊಳಗೇ ನಡೆಯುವ ಇನ್ನೊಂದು ಕಾಲ್ಪನಿಕ ಕಂಪ್ಯೂಟರನ್ನು, ನಿರ್ಮಿಸಿ ಎಕ್ಸ್‌ಪಿಯನ್ನು ಅಲ್ಲಿ ಹಾಕಿ. ಅದು ಎಕ್ಸ್‌ಪಿಗೆ ಗುರುತಿರುವ ಹಳೆಯ ಐಡಿಇ ನಿಯಂತ್ರಕವನ್ನೂ ಹಳೆಯ ಬಯಾಸನ್ನೂ ತೋರಿಸುವುದರಿಂದ ನೀಲಿ ಪರದೆಯ ಪ್ರಶ್ನೆಯೇ ಏಳುವುದಿಲ್ಲ. 1 ಜಿಬಿ ಮೆಮೊರಿ, 20 ಜಿಬಿ ಡಿಸ್ಕ್ ಕೊಟ್ಟರೆ ಪೇಜ್‌ಮೇಕರಿಗೆ ಧಾರಾಳವಾಯಿತು. ಯಂತ್ರದ ಸೆಟಪ್‌ನಲ್ಲಿ ವರ್ಚುವಲೈಸೇಷನ್ ಎಂಬ ಆಯ್ಕೆ ಆನ್ ಆಗಿರಬೇಕು. ವಿಂಡೋಸ್ 11ರಲ್ಲಿ ಎಕ್ಸ್‌ಪಿ ತೀರ ನಿಧಾನವಾದರೆ, ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರವಿದೆಯೇ ನೋಡಿ. ವರ್ಚುವಲ್ ಯಂತ್ರಗಳನ್ನು ನಡೆಸುವ ವಿಂಡೋಸಿನ ಸ್ವಂತ ಹೈಪರ್‌-ವಿ ವ್ಯವಸ್ಥೆ ನಡುವೆ ಬಂದಿದೆ ಎಂಬುದರ ಗುರುತು ಅದು. ತಯಾರಕರು ಆಮೆಯನ್ನೇ ಆರಿಸಿದ್ದು ಪ್ರಾಮಾಣಿಕತೆಯೇ ಸರಿ.

ಲೈಸೆನ್ಸಿನ ಮಾತನ್ನೂ ಹೇಳಿಬಿಡಬೇಕು. ಕಂಪ್ಯೂಟರಿನ ಜೊತೆಗೇ ಬಂದು ಕ್ಯಾಬಿನೆಟ್ಟಿಗೆ ಚೀಟಿ ಅಂಟಿಸಿದ ಒಇಎಂ ಪ್ರತಿ ಆ ಯಂತ್ರಕ್ಕೆ ಮಾತ್ರ ಕೊಟ್ಟದ್ದು. ಪೆಟ್ಟಿಗೆಯಲ್ಲಿ ಬಿಡಿಯಾಗಿ ಕೊಂಡ ಪ್ರತಿಯಾದರೆ, ಹಳೆಯ ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ನಿಮ್ಮದು ಯಾವುದೆಂದು ಮೊದಲು ನೋಡಿಕೊಳ್ಳಿ.

ಡಾಂಗಲ್ ವಿಷಯಕ್ಕೆ ಬರೋಣ, ಏಕೆಂದರೆ ನನಗೆ ಬರುವ ಇಂತಹ ಪತ್ರಗಳಲ್ಲಿ ನಿಜವಾದ ತೊಡಕು ಅಲ್ಲಿಯೇ ಇರುತ್ತದೆ. ಪೇಜ್‌ಮೇಕರ್ 32 ಬಿಟ್‌ನ ತಂತ್ರಾಂಶವಾದ್ದರಿಂದ 64 ಬಿಟ್‌ನ ವಿಂಡೋಸಿನಲ್ಲಿಯೂ ಕೆಲವೊಮ್ಮೆ ನಡೆದುಬಿಡುತ್ತದೆ, ಆದರೆ ಡಾಂಗಲ್ಲಿನ ಡ್ರೈವರ್ ಹಾಗಲ್ಲ. 64 ಬಿಟ್‌ನ ವಿಂಡೋಸಿಗೆ 64 ಬಿಟ್‌ನದ್ದೇ, ಅದೂ ಡಿಜಿಟಲ್ ಸಹಿ ಇರುವ ಡ್ರೈವರೇ ಬೇಕು. ನಿಮ್ಮದು ಯುಎಸ್‌ಬಿ ಡಾಂಗಲ್ ಆಗಿದ್ದರೆ ಅದನ್ನು ವರ್ಚುವಲ್ ಯಂತ್ರಕ್ಕೆ ನೇರವಾಗಿ ಒಪ್ಪಿಸಬಹುದು. ಹಳೆಯ ಡ್ರೈವರ್ ಎಕ್ಸ್‌ಪಿಯ ಒಳಗೇ ಕೆಲಸ ಮಾಡುತ್ತದೆ. ಯುಎಸ್‌ಬಿ ನಿಯಂತ್ರಕ ಯಾವುದೆಂದು ಕೇಳಿದಾಗ 1.1 ಅಥವಾ 2.0 ಆರಿಸಿ, 3.0 ಬೇಡ. ಕಂಪ್ಯೂಟರಿನ ಹಿಂದೆ ಪ್ರಿಂಟರ್ ಕೇಬಲ್ ಜೋಡಿಸುವಲ್ಲಿ ಸಿಕ್ಕಿಸುತ್ತಿದ್ದ ಪ್ಯಾರಲಲ್ ಪೋರ್ಟಿನ ಡಾಂಗಲ್ ಆಗಿದ್ದರೆ, ಅಂಗಡಿಯವರು ತೋರಿಸುವ ಯುಎಸ್‌ಬಿ–ಪ್ಯಾರಲಲ್ ಕೇಬಲ್ಲಿಗೆ ಹಣ ಹಾಕಬೇಡಿ. ಸಾಮಾನ್ಯವಾಗಿ ಅದು ಪ್ರಿಂಟರಿಗಾಗಿ ಮಾಡಿದ್ದು. ಡಾಂಗಲ್ ಹುಡುಕುವ ಹಳೆಯ ಪೋರ್ಟಿನ ವಿಳಾಸ ಅದರಲ್ಲಿ ಇರುವುದಿಲ್ಲ. ತಂತ್ರಾಂಶ ಕೊಟ್ಟ ಸಂಸ್ಥೆಗೆ ಬರೆದು ಯುಎಸ್‌ಬಿ ಡಾಂಗಲ್‌ಗೆ ಬದಲಿಸಿಕೊಡುವರೇ ಎಂದು ಕೇಳಿ. ಅದಾಗದಿದ್ದರೆ ಪ್ಯಾರಲಲ್ ಪೋರ್ಟ್ ಇರುವ, ಅದೇ ಕಾಲದ ಒಂದು ಹಳೆಯ ಕಂಪ್ಯೂಟರನ್ನು ಹುಡುಕಿಕೊಳ್ಳುವುದೇ ದಾರಿ.

ಹಳೆಯ ಪ್ರಿಂಟರ್ ಡ್ರೈವರ್‌ಗಳ ಗೋಜು ನಿಮಗೆ ಬೇಕಿಲ್ಲ. ಎಕ್ಸ್‌ಪಿಯಲ್ಲಿ ಒಂದು ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರನ್ನು ಸೇರಿಸಿ, ಕಾಗದದ ಬದಲು ಕಡತಕ್ಕೆ ಮುದ್ರಿಸಿ, ಡಿಸ್ಟಿಲರ್ ಎಂಬ ತಂತ್ರಾಂಶದಿಂದ ಪಿಡಿಎಫ್ ಮಾಡಿ, ಹಂಚಿಕೆಯ ಫೋಲ್ಡರಿನ ಮೂಲಕ ಹೊರಗಿನ ಹೊಸ ವಿಂಡೋಸಿಗೆ ತಂದುಕೊಳ್ಳಿ. ಪ್ಲೇಟ್ ಮಾಡುವವರಿಗೆ ಬೇಕಾದದ್ದೂ ಪಿಡಿಎಫ್ಫೇ. ಈ ಫೋಲ್ಡರಿಗೆ ನೆಟ್‌ವರ್ಕ್ ಬೇಕಿಲ್ಲವಾದ್ದರಿಂದ ವರ್ಚುವಲ್ ಯಂತ್ರದ ನೆಟ್‌ವರ್ಕ್ ಕಾರ್ಡನ್ನು ಪೂರ್ತಿಯಾಗಿ ತೆಗೆದುಬಿಡಿ. ಎಕ್ಸ್‌ಪಿಗೆ ಸುರಕ್ಷತಾ ಪರಿಷ್ಕರಣೆಗಳು 2014ರ ಏಪ್ರಿಲ್ 8ಕ್ಕೇ ನಿಂತಿವೆ. 2017ರ ಮೇ ತಿಂಗಳಿನಲ್ಲಿ ವನ್ನಾಕ್ರೈ ಎಂಬ ಸುಲಿಗೆಯ ಕುತಂತ್ರಾಂಶ ಹರಡಿದಾಗ ಮೈಕ್ರೋಸಾಫ್ಟ್ ನಿಯಮ ಮುರಿದು ಎಕ್ಸ್‌ಪಿಗೂ ಒಂದು ತೇಪೆ ಕೊಟ್ಟಿತ್ತೆಂಬುದು ನಿಜ, ಆದರೆ ಅಂತಹ ಔದಾರ್ಯವನ್ನು ನಂಬಿ ಅಂಗಡಿ ನಡೆಸಲಾಗದು.

ಎಲ್ಲವೂ ಸರಿಹೋದ ದಿನ ವರ್ಚುವಲ್ ಯಂತ್ರವನ್ನು ಮುಚ್ಚಿ, ಅದರ ಫೋಲ್ಡರನ್ನು ಹಾಗೆಯೇ ಹೊರಗಿನ ಡಿಸ್ಕಿಗೆ ನಕಲಿಸಿಡಿ. ಎಕ್ಸ್‌ಪಿ, ಪೇಜ್‌ಮೇಕರ್, ಫಾಂಟು ಎಲ್ಲವೂ ಅದರಲ್ಲಿರುತ್ತವೆ. ಮುಂದೆ ಇನ್ನೊಂದು ಮದರ್‌ಬೋರ್ಡ್ ಸುಟ್ಟರೆ ಬೇರೆ ಕಂಪ್ಯೂಟರಿಗೆ ಆ ಫೋಲ್ಡರನ್ನು ಹಾಕಿ ಅದೇ ದಿನ ಕೆಲಸ ಶುರುಮಾಡಬಹುದು. ನೇರವಾಗಿ ಯಂತ್ರಕ್ಕೆ ಹಾಕಿದ ಎಕ್ಸ್‌ಪಿಯಲ್ಲಿ ಈ ಅನುಕೂಲವಿಲ್ಲ.

ಹೊಸ ಕೆಲಸಗಳನ್ನು ಪುಟ ಜೋಡಿಸುವ ಹೊಸ ತಂತ್ರಾಂಶ ಇಂಡಿಸೈನ್ ಮತ್ತು ಎಲ್ಲೆಡೆ ಒಂದೇ ಆಗಿರುವ ಅಕ್ಷರ ಸಂಕೇತ ಯುನಿಕೋಡಿಗೆ ದಾಟಿಸಿಕೊಳ್ಳುವುದು ಒಳ್ಳೆಯದೇ. ಆದರೆ ಪೇಜ್‌ಮೇಕರಿನ ಕಡತಗಳನ್ನು ತೆರೆಯುವ ಶಕ್ತಿ ಇಂಡಿಸೈನ್‌ಗೆ ಇದ್ದದ್ದು ಸಿಎಸ್6ರವರೆಗೆ ಮಾತ್ರ; ಅಕ್ಷರಗಳನ್ನು ಪರಿವರ್ತಕಗಳಿಂದ ಯುನಿಕೋಡಿಗೆ ತಂದರೂ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಲೇಬೇಕು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ನಂತರ ಬರುತ್ತದೆ. ಯುನಿಕೋಡಿನಲ್ಲಿ ರಕಾರ ಮೊದಲು. ಲಗ್ನಪತ್ರಿಕೆಯಲ್ಲಿ ಮದುಮಗನ ಹೆಸರಿನ ಅರ್ಕಾವತ್ತು ಜಾರಿದರೆ ಬೀಗರಿಗೆ ಯುನಿಕೋಡಿನ ವಿವರಣೆ ಕೊಡಲಾಗದಷ್ಟೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಶಿರಸಿಯ ಸಮೀಪ ವಾಸ. ವಿಂಡೋಸ್ 7 ನನಗೆ ಕೈಗೆ ಪಳಗಿದೆ. ಮಗ ಕೊಡಿಸಿದ ಎಂಟನೆಯ ಪೀಳಿಗೆಯ ಇಂಟೆಲ್ ಲ್ಯಾಪ್‌ಟಾಪಿಗೆ ಅದನ್ನು ಹಾಕಲು ಹೋದರೆ ಮೊದಲ ಪರದೆಯಲ್ಲೇ ಯುಎಸ್‌ಬಿ ಮೌಸ್ ಸತ್ತಂತಿರುತ್ತದೆ, ಡಿಸ್ಕ್ ಕಾಣುವುದಿಲ್ಲ. ಪರಿಹಾರವಿದೆಯೇ?

ಉತ್ತರ: ಕಾರಣವಿದೆ, ಪರಿಹಾರವೂ ಅರ್ಧಂಬರ್ಧ ಇದೆ, ಆದರೆ ಬೇಡವೆಂದೇ ಹೇಳುತ್ತೇನೆ. 2015ರಲ್ಲಿ ಬಂದ ಇಂಟೆಲ್‌ನ ಆರನೆಯ ಪೀಳಿಗೆಯಿಂದ ಯುಎಸ್‌ಬಿಯ ಹಳೆಯ ಇಎಚ್‌ಸಿಐ ನಿಯಂತ್ರಕವನ್ನು ತೆಗೆದು ಹೊಸ ಎಕ್ಸ್‌ಎಚ್‌ಸಿಐ ಒಂದನ್ನೇ ಉಳಿಸಿದರು. 2009ರ ವಿಂಡೋಸ್ 7ರಲ್ಲಿ ಅದರ ಡ್ರೈವರ್ ಇಲ್ಲವಾದ್ದರಿಂದ ಮೌಸ್ ಕೆಲಸ ಮಾಡದು. ಲ್ಯಾಪ್‌ಟಾಪಿನಲ್ಲಿ ಎನ್‌ವಿಎಂಇ ಎಂಬ ಹೊಸ ಬಗೆಯ ಡಿಸ್ಕ್ ಇದ್ದರೆ ಅದೂ ಕಾಣದು. ಈ ಎರಡರ ಡ್ರೈವರುಗಳನ್ನೂ ಅನುಸ್ಥಾಪನೆಯ ಪೆನ್‌ಡ್ರೈವಿಗೆ ಮೊದಲೇ ಸೇರಿಸಬಹುದು. ಎನ್‌ವಿಎಂಇಗೆ ಮೈಕ್ರೋಸಾಫ್ಟೇ ಹಿಂದೆ ತೇಪೆ ಕೊಟ್ಟಿದೆ. ಅಲ್ಲಿಗೂ ಮುಗಿಯದು: ನಿಮ್ಮ ಯಂತ್ರದ ಗ್ರಾಫಿಕ್ಸಿಗೆ ಇಂಟೆಲ್ ವಿಂಡೋಸ್ 7ರ ಡ್ರೈವರ್ ಕೊಟ್ಟಿಲ್ಲ, ಏಳನೆಯ ಪೀಳಿಗೆಯಿಂದೀಚೆಗಿನ ಪ್ರೊಸೆಸರ್ ಕಂಡರೆ ವಿಂಡೋಸ್ 7ಕ್ಕೆ ಪರಿಷ್ಕರಣೆ ಕೊಡದಂತೆ ಮೈಕ್ರೋಸಾಫ್ಟ್ 2017ರಲ್ಲಿ ತಡೆಯನ್ನೂ ಹಾಕಿತು.

ಎಕ್ಸ್‌ಪಿಯ ಮುದ್ರಣಾಲಯಕ್ಕೆ ಹಳೆಯ ಕಡತಗಳ ಹಂಗಿದೆ. ನಿಮಗಿರುವುದು ಅಭ್ಯಾಸದ ಹಂಗು. ನೀವು ಮಾಡುವುದು ಅಂತರ್ಜಾಲ ನೋಡುವುದು, ಬ್ಯಾಂಕಿನ ವ್ಯವಹಾರ, ಪತ್ರ ಬರೆಯುವುದು ಎಂದಾದರೆ, ಕ್ರೋಮ್ 109ರಲ್ಲೂ ಫೈರ್‌ಫಾಕ್ಸ್ 115ರಲ್ಲೂ ವಿಂಡೋಸ್ 7ರ ಹಾದಿ ಮುಗಿದಿದೆ ಎಂಬುದನ್ನು ಗಮನಿಸಬೇಕು. ಹಳೆಯ ಬ್ರೌಸರಿನಲ್ಲಿ ಬ್ಯಾಂಕ್ ವ್ಯವಹಾರ ಖಂಡಿತ ಸಲ್ಲದು. ಎಂಟನೆಯ ಪೀಳಿಗೆಯ ಬಹುತೇಕ ಪ್ರೊಸೆಸರುಗಳು ವಿಂಡೋಸ್ 11ರ ಪಟ್ಟಿಯಲ್ಲಿವೆ. ಅದರ ಚಹರೆ ಹಿಡಿಸದಿದ್ದರೆ ಲಿನಕ್ಸ್ ಮಿಂಟ್ ನೋಡಿ. ಕೆಳಗಿನ ಪಟ್ಟಿ, ಎಡಮೂಲೆಯ ಮೆನು ಎಲ್ಲವೂ ನಿಮ್ಮ ವಿಂಡೋಸ್ 7ರ ಜಾಯಮಾನದಲ್ಲೇ ಇವೆ. ಕನ್ನಡ ಟೈಪ್ ಮಾಡಲು ಅದರಲ್ಲಿಯೂ ಕೀಲಿಮಣೆಯನ್ನು ಸೇರಿಸಿಕೊಳ್ಳಬಹುದು.

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ನಮ್ಮ ವರ್ಕ್‌ಶಾಪ್. ಕತ್ತರಿಸುವ ಒಂದು ಹಳೆಯ ಯಂತ್ರವನ್ನು ವಿಂಡೋಸ್ 98ರ ಕಂಪ್ಯೂಟರ್ ನಡೆಸುತ್ತದೆ. ಅದರೊಳಗೆ ಐಎಸ್‌ಎ ಎಂಬ ಹಳೆಯ ಬಗೆಯ ಸ್ಲಾಟಿನಲ್ಲಿ ಒಂದು ನಿಯಂತ್ರಣ ಕಾರ್ಡ್ ಇದೆ. ಇದನ್ನೂ ವರ್ಚುವಲ್ ಯಂತ್ರಕ್ಕೆ ಹಾಕಬಹುದೇ?

ಉತ್ತರ: ಬೇಡ. ಕಾರ್ಡನ್ನು ಸಿಕ್ಕಿಸಲು ನಿಜವಾದ ಸ್ಲಾಟೇ ಬೇಕು, ಮತ್ತು ಕತ್ತರಿಸುವ ಯಂತ್ರಕ್ಕೆ ಆಜ್ಞೆಗಳು ಮಿಲಿಸೆಕೆಂಡು ತಪ್ಪದೆ ತಲುಪಬೇಕು. ವರ್ಚುವಲ್ ಯಂತ್ರ ಆ ಭರವಸೆ ಕೊಡಲಾರದು. ಐಎಸ್‌ಎ ಸ್ಲಾಟ್ ಇರುವ ಕೈಗಾರಿಕಾ ಮದರ್‌ಬೋರ್ಡುಗಳು ದುಬಾರಿಯಾದರೂ ಸಿಗುತ್ತವೆ. ಒಂದನ್ನು ಯಂತ್ರ ಕೆಡುವ ಮೊದಲೇ ತರಿಸಿ ಪರೀಕ್ಷಿಸಿಡಿ. ಹಾಗೆ ಹೊಸದನ್ನು ಹಾಕುವಾಗ ಎರಡು ಎಚ್ಚರಿಕೆ. ಮೆಮೊರಿ 512 ಎಂಬಿ ಮೀರಿದರೆ ವಿಂಡೋಸ್ 98 ತಕರಾರು ಮಾಡುತ್ತದೆ, ಆದ್ದರಿಂದ 256 ಎಂಬಿಯಲ್ಲೇ ನಿಲ್ಲಿಸಿ. ಡಿಸ್ಕ್ 137 ಜಿಬಿಗಿಂತ ದೊಡ್ಡದಾದರೆ, ಆ ಗೆರೆ ದಾಟಿ ಬರೆದ ಮಾಹಿತಿ ಸದ್ದಿಲ್ಲದೆ ಕೆಡುತ್ತದೆ. ತಿರುಗುವ ಡಿಸ್ಕಿನ ಬದಲು ಐಡಿಇ ಅಡಾಪ್ಟರಿನಲ್ಲಿ 4 ಅಥವಾ 8 ಜಿಬಿಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿದರೆ ಧೂಳು, ಅದುರುವಿಕೆ ಎರಡರ ಭಯವೂ ಕಡಿಮೆ. ಅದರದೇ ನಕಲು ಇನ್ನೊಂದು ಕಾರ್ಡಿನಲ್ಲಿ ಬೀರುವಿನಲ್ಲಿರಲಿ. ಮದರ್‌ಬೋರ್ಡಿನ ನಾಣ್ಯದಂತಹ ಸಿಆರ್2032 ಬ್ಯಾಟರಿಯನ್ನು ಈ ವಾರವೇ ಬದಲಿಸಿ. ಬದಲಿಸುವ ಮೊದಲು ಬಯಾಸಿನ ಪ್ರತಿ ಪರದೆಯ ಫೋಟೊ ತೆಗೆದುಕೊಳ್ಳಿ. ತಲೆ ಉಬ್ಬಿದ ಕೆಪಾಸಿಟರುಗಳು ಕಂಡರೆ ಬೋರ್ಡನ್ನು ಕೂಡಲೇ ರಿಪೇರಿಗೆ ಕೊಡಿ.

ಪ್ರಶ್ನೆ: ವರ್ಚುವಲ್ ಯಂತ್ರದಲ್ಲಿ ಎಕ್ಸ್‌ಪಿ ಹಾಕಿದ್ದೇನೆ. ನುಡಿ ಫಾಂಟಿನ ಹಳೆಯ ಕಡತಗಳು ಸರಿಯಾಗಿವೆ, ಯುನಿಕೋಡಿನ ಕನ್ನಡ ಮಾತ್ರ ಬರೀ ಚೌಕಗಳಾಗಿ ಕಾಣುತ್ತದೆ. — ಪುತ್ತೂರಿನ ಓದುಗರು

ಉತ್ತರ: ಕನ್ನಡಕ್ಕೆ ಬೆಂಬಲ ಎಕ್ಸ್‌ಪಿಯಲ್ಲೇ ಇದೆ, ತುಂಗಾ ಎಂಬ ಫಾಂಟೂ ಅದರ ಜೊತೆಗೇ ಬರುತ್ತದೆ, ಆದರೆ ಅದು ತಾನಾಗಿ ಅನುಸ್ಥಾಪನೆಯಾಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ರೀಜನಲ್ ಆ್ಯಂಡ್ ಲ್ಯಾಂಗ್ವೇಜ್ ಆಪ್ಶನ್ಸ್ ತೆರೆದು, ಎರಡನೆಯ ಪುಟದಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬ ಪದಗಳಿರುವ ಚೌಕಕ್ಕೆ ಗುರುತು ಹಾಕಿ. ಆಗ ಎಕ್ಸ್‌ಪಿಯ ಸಿಡಿ ಕೇಳುತ್ತದೆ. ಸಿಡಿಯ ಇಮೇಜ್ ಕಡತವನ್ನು ವರ್ಚುವಲ್ ಯಂತ್ರಕ್ಕೆ ಜೋಡಿಸಿ, ಅದರಲ್ಲಿರುವ ಐ386 ಫೋಲ್ಡರನ್ನು ತೋರಿಸಿ, ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ.