ಆ ಶೂ ಡಬ್ಬೀನ ಬಿಡಿಬಿಡಿಯಾಗಿ ಮಾರಬೇಡಿ

ಓದುಗರ ಪತ್ರ: ಮಗಳ ಮನೆಗೆ ಅಂತ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾಗೆ ಹೋಗಿದ್ದೆ. ಒಂದು ಭಾನುವಾರ ಕಾರಲ್ಲಿ ಪಶ್ಚಿಮದ ಕಡೆ ಹೋದಾಗ, ಕಸ್ಟರ್ ಕೌಂಟಿಯ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಬ್ರೋಕನ್ ಬೋ ಊರಿನ ಹತ್ರ ಹಳೇ ಸಾಮಾನಿನ ಅಂಗಡೀಲಿ ಒಂದು ಶೂ ಡಬ್ಬಿ ತಗೊಂಡೆ. ಒಳಗೆ ದಪ್ಪ ರಟ್ಟಿಗೆ ಅಂಟಿಸಿದ ಫೋಟೋಗಳು, ಕೆಲವು ಫೋಟೋ ಪೋಸ್ಟ್‌ಕಾರ್ಡು, ಒಂದು ಬ್ಯಾಂಕಿನ ಕ್ಯಾಲೆಂಡರು, ಮಡಚಿಟ್ಟ ಒಂದು ಹರಾಜಿನ ನೋಟೀಸು ಇದೆ. ನೋಟೀಸಲ್ಲಿ ಮಂಗಳವಾರ, ಫೆಬ್ರವರಿ 14 ಅಂತಿದೆ, ವರ್ಷ ಇಲ್ಲ. ಇವು ಯಾವ ಕಾಲದ್ದು? ಬೇರೆಯವರ ಮನೆ ಫೋಟೋ ಇಟ್ಕೊಳ್ಳೋದು ಸರೀನಾ? ಅಳಿಯ ಒಂದೊಂದೇ ಆನ್‌ಲೈನಲ್ಲಿ ಮಾರಿದ್ರೆ ಒಳ್ಳೆ ದುಡ್ಡು ಬರುತ್ತೆ ಅಂತಾರೆ. ಇನ್ನೊಂದು, ಹೋದ ಸಂಚಿಕೇಲಿ ನೀವು ಅದೇ ಕೌಂಟಿದು ಅಂತ ಎರಡು ಫೋಟೋ ಹಾಕಿದ್ರಿ, ಒಂದರಲ್ಲಿ ಅಂಗಳದಲ್ಲಿ ಆರ್ಗನ್, ಇನ್ನೊಂದರಲ್ಲಿ ಮನೆ ಚಾವಣಿ ಮೇಲೆ ಹಸು. ನನಗ್ಯಾಕೋ ಎರಡೂ ಫೇಕ್ ಅನ್ಸುತ್ತೆ. — ನಿವೃತ್ತ ಶಿಕ್ಷಕಿ, ದಾವಣಗೆರೆ

ಸಂಪಾದಕರ ಉತ್ತರ:

ಮೇಡಂ, ನಮಸ್ಕಾರ. ಮೊದಲು ಜಗಳದ ವಿಷಯ ಮುಗಿಸ್ಕೊಳ್ಳೋಣ. ಎರಡೂ ಫೇಕ್ ಅಲ್ಲ, ಆದ್ರೆ ನಿಮಗೆ ಅನುಮಾನ ಬಂದಿದ್ದು ನ್ಯಾಯವಾಗೇ ಇದೆ, ಯಾಕಂದ್ರೆ ಎರಡೂ ಏರ್ಪಾಡು ಮಾಡಿ, ನಿಲ್ಲಿಸಿ, ಕೂರಿಸಿ ತೆಗೆದ ಫೋಟೋಗಳು. ತೆಗೆದವನು ಸಾಲಮನ್ ಬುಚರ್ ಅಂತ, 1856ರಲ್ಲಿ ಹುಟ್ಟಿದ್ದು, 1880ರಲ್ಲಿ ಮನೆಯವರ ಜೊತೆ ನೆಬ್ರಾಸ್ಕಾಕ್ಕೆ ಬಂದ, ಬೇಸಾಯ ಕೈಗೆ ಹತ್ತಲಿಲ್ಲ, ಒಂದಷ್ಟು ದಿನ ಮೆಡಿಕಲ್ ಕಾಲೇಜಿಗೆ ಹೋಗಿ ಅದನ್ನೂ ಬಿಟ್ಟ, ಮೇಷ್ಟ್ರಾದ, ಕೊನೆಗೆ ಕ್ಯಾಮೆರಾ ಹಿಡಿದ. 1886ರಲ್ಲಿ ಅವನಿಗೆ ಒಂದು ಹುಚ್ಚು ಹತ್ತಿತು, ಇಡೀ ಕಸ್ಟರ್ ಕೌಂಟಿಯ ಚರಿತ್ರೇನ ಫೋಟೋದಲ್ಲೇ ಕಟ್ತೀನಿ ಅಂತ. ಕೌಂಟಿ ಅಂದ್ರೆ ಸಣ್ಣದೇನಲ್ಲ, 6,600 ಚದರ ಕಿಲೋಮೀಟರ್ ಮೀರುತ್ತೆ, ಗಾಡೀಲಿ ಕ್ಯಾಮೆರಾ, ಫಿಲ್ಮಿನ ಬದಲು ಬಳಸೋ ಗಾಜಿನ ಪ್ಲೇಟು ಎಲ್ಲ ಹೇರ್ಕೊಂಡು ಮನೆಮನೆ ತಿರುಗಿದ.

ಆರ್ಗನ್ ಫೋಟೋ ಹಿಲ್ಟನ್ ಅನ್ನೋ ಕುಟುಂಬದ್ದು, ವೈಸರ್ಟ್ ಅನ್ನೋ ಜಾಗದ ಹತ್ರ, 1880ರ ದಶಕದ ಕೊನೇಲಿ ತೆಗೆದದ್ದು. ಆ ಮನೆ ಯಜಮಾನತಿಗೆ ಪೂರ್ವದ ಕಡೆ ಇರೋ ನೆಂಟರಿಗೆ ಫೋಟೋ ಕಳಿಸಬೇಕು, ಆದ್ರೆ ತಾವು ಮಣ್ಣಿನ ಮನೇಲಿ ಇದ್ದೀವಿ ಅಂತ ಗೊತ್ತಾಗಬಾರದು. ಏನ್ ಮಾಡೋದು? ಒಳಗಿದ್ದ ಆರ್ಗನ್ನನ್ನ, ಅದೇ ಕಾಲಲ್ಲಿ ತುಳಿದು ಗಾಳಿ ಊದಿಸಿ ನುಡಿಸೋದು, ನಮ್ಮ ಹಾರ್ಮೋನಿಯಂನ ದೊಡ್ಡಣ್ಣ, ಅದನ್ನ ಎಳೆದು ತಂದು ಬಯಲಲ್ಲಿ ಇಡಿಸಿದ್ರು, ಸುತ್ತ ಮನೆಯವರು ನಿಂತ್ರು, ಹಿಂದೆ ದನಕರು. ಮನೆ ಮಾತ್ರ ಫೋಟೋದಲ್ಲಿ ಇಲ್ಲ. ಫೋಟೋ ಮುಗಿದ ಮೇಲೆ ಆರ್ಗನ್ ವಾಪಸ್ ಒಳಗೆ. ಇದರಲ್ಲಿ ಸುಳ್ಳು ಎಲ್ಲಿದೆ ಹೇಳಿ? ಆರ್ಗನ್ ಅವರದ್ದೇ, ದನ ಅವರದ್ದೇ, ನಾಚಿಕೇನೂ ಅವರದ್ದೇ.

ಹಸು ಕಥೆ ಇನ್ನೂ ಸಲೀಸು. ಅದು ಸಾರ್ಜೆಂಟ್ ಅನ್ನೋ ಊರಿನ ಉತ್ತರಕ್ಕೆ ಇದ್ದ ರಾಡಿಂಗ್ ಕುಟುಂಬ, 1886. ಮನೇನ ದಿಬ್ಬದ ಪಕ್ಕಕ್ಕೆ ಕೊರೆದು ಕಟ್ಟಿದ್ದಾರೆ, ಹಾಗಾಗಿ ಹಿಂದಿನ ಇಳಿಜಾರಲ್ಲಿ ನಿಂತ ಹಸು ಮುಂದಿಂದ ನೋಡಿದ್ರೆ ಚಾವಣಿ ಮೇಲೆ ಹತ್ತಿದ ಹಾಗೆ ಕಾಣುತ್ತೆ. ಮುಂದೆ ಮೇಜು ಹಾಕಿ ಕಲ್ಲಂಗಡಿ ಇಟ್ಕೊಂಡು ಕೂತಿದ್ದಾರೆ ನೋಡಿ, ಅದು ನನಗೆ ಹಸುಗಿಂತ ಇಷ್ಟ.

ನೀವು ಕೇಳದೇ ಇದ್ದಿದ್ದನ್ನೂ ಹೇಳ್ಬಿಡ್ತೀನಿ, ಬುಚರ್ ಮಹಾಶಯ ಕೈಚಳಕ ಮಾಡೇ ಇಲ್ಲ ಅಂತಲ್ಲ. 1876ರಲ್ಲಿ ಮಿಡತೆ ದಂಡು ಬಂದು ಬೆಳೆ ತಿಂದಾಗ ಒಬ್ಬ ರೈತ ಹೇಗೆ ಬಡಿದಾಡಿದ ಅಂತ ತೋರಿಸೋಕೆ, ಅದೇ ರೈತನನ್ನ ವರ್ಷಗಳಾದ ಮೇಲೆ ಜೋಳದ ಹೊಲದಲ್ಲಿ ನಿಲ್ಲಿಸಿ ಫೋಟೋ ತೆಗೆದು, ಮಿಡತೆಗಳನ್ನ ನೆಗೆಟಿವ್ ಮೇಲೆ ತಾನೇ ಬಿಡಿಸಿದ! 1885ರಲ್ಲಿ ದನ ಸಾಕೋ ದೊಡ್ಡ ಫಾರಂ ಆಗಿದ್ದ ಬ್ರೈಟನ್ ರ‍್ಯಾಂಚಿನವರ ಬೇಲಿ ತಂತೀನ ಸಣ್ಣ ರೈತರು ಕತ್ತರಿಸಿದ ಫೋಟೋನೂ ಅಷ್ಟೇ, ಮುಖಕ್ಕೆ ಬಟ್ಟೆ ಕಟ್ಟಿದ ಜನ ಕತ್ತರಿ ಹಿಡಿದು ನಿಂತಿದ್ದಾರೆ, ಆಮೇಲೆ ನಾಟಕದ ಥರ ಮಾಡಿಸಿ ತೆಗೆದದ್ದು. ಅದಕ್ಕೇ ಈ ಕಾಲದ ಫೋಟೋ ನೋಡುವಾಗ ‘ಇದು ನಿಜಾನಾ’ ಅಂತ ಕೇಳೋದಕ್ಕಿಂತ ‘ಇದನ್ನ ಯಾರಿಗೆ ತೋರಿಸೋಕೆ ತೆಗೆದ್ರು’ ಅಂತ ಕೇಳಿದ್ರೆ ಜಾಸ್ತಿ ಸಿಗುತ್ತೆ ಅನ್ನೋದು ನನ್ನ ಅಭಿಪ್ರಾಯ.

ಮನೆ ಸಾಮಾನೆಲ್ಲ ಹೊರಗೆ ಯಾಕೆ ಅಂತ ನೀವು ನಿಮ್ಮ ಡಬ್ಬಿಯ ಫೋಟೋ ನೋಡಿದಾಗ್ಲೂ ಅಂದ್ಕೊಂಡಿರ್ತೀರಿ. ಆ ಸೀಮೇಲಿ ಮರ ಇಲ್ಲ, ರೈಲು ಬ್ರೋಕನ್ ಬೋಗೆ ಬಂದಿದ್ದೇ 1886ರಲ್ಲಿ, ಅಲ್ಲೀವರೆಗೂ ಹಲಗೆ ಅಂದ್ರೆ ಬಂಗಾರ. ಹುಲ್ಲುಗಾವಲಿನ ನೆಲಾನ ನೇಗಿಲಲ್ಲಿ ಬೇರು ಸಮೇತ ಪಟ್ಟಿಪಟ್ಟಿಯಾಗಿ ಎಬ್ಬಿಸಿ, ಅಡಿ ಅಗಲ, ನಾಲ್ಕಿಂಚು ದಪ್ಪದ ಹೆಂಟೆ ಮಾಡಿ ಇಟ್ಟಿಗೆ ಥರ ಪೇರಿಸಿ ಕಟ್ತಿದ್ರು, ಸಾಡ್ ಹೌಸ್ ಅಂತಾರೆ. ಗೋಡೆ ಎರಡು ಮೂರಡಿ ದಪ್ಪ. ಚಳಿಗಾಲಕ್ಕೆ ಬೆಚ್ಚಗೆ, ಬೇಸಿಗೆಗೆ ತಣ್ಣಗೆ, ಆದ್ರೆ ಮಳೆ ಬಂದ್ರೆ ಚಾವಣಿಯಿಂದ ಕೆಸರು ಸುರಿಯುತ್ತೆ, ಒಮ್ಮೊಮ್ಮೆ ಹಾವೂ ಬೀಳುತ್ತೆ, ಅದಕ್ಕೆ ಕೆಳಗೆ ಬಟ್ಟೆ ಕಟ್ಟೋರು. ಕಿಟಕಿ ಪುಟ್ಟದು, ಒಳಗೆ ಕತ್ತಲು, ಆ ಕಾಲದ ಗಾಜಿನ ಪ್ಲೇಟಿಗೆ ಬೆಳಕು ಸಾಲಲ್ಲ, ಹಾಗಾಗಿ ತೋರಿಸಬೇಕು ಅನ್ನೋದೆಲ್ಲ ಹೊರಗೆ ಬರಬೇಕು, ಕುದುರೆ, ಹೊಲಿಗೆ ಮಿಷನ್ನು, ಹಕ್ಕಿ ಪಂಜರ. ಈಗ ಆ ನೆಗೆಟಿವ್‌ಗಳನ್ನ ದೊಡ್ಡ ರೆಸೊಲ್ಯೂಶನ್ನಲ್ಲಿ ಸ್ಕ್ಯಾನ್ ಮಾಡಿದ ಮೇಲೆ, ಬರೀ ಕಪ್ಪಾಗಿ ಕಾಣ್ತಿದ್ದ ಬಾಗಿಲ ಒಳಗಿನ ಸಾಮಾನೂ ಕೆಲವು ಕಡೆ ಕಾಣಿಸ್ತಿದೆ.

ಈ ಜನ ಅಲ್ಲಿಗೆ ಬಂದಿದ್ದು 1862ರ ಹೋಮ್‌ಸ್ಟೆಡ್ ಕಾಯ್ದೆಯಿಂದ. 160 ಎಕರೆ, ಐದು ವರ್ಷ ಅಲ್ಲೇ ಇದ್ದು ಸಾಗುವಳಿ ಮಾಡಿದ್ರೆ ನಿಮ್ಮದು. ಒಂಟಿ ಹೆಂಗಸರಿಗೂ ಇತ್ತು, ಬುಚರ್ 1886ರಲ್ಲಿ ತೆಗೆದ ಕ್ರಿಸ್ಮನ್ ಅಕ್ಕತಂಗಿಯರ ಫೋಟೋ ಹುಡುಕಿ ನೋಡಿ, ನಾಲ್ಕು ಜನ ಹೆಣ್ಮಕ್ಕಳು ಮಣ್ಣಿನ ಮನೆ ಮುಂದೆ ಕುದುರೆ ಜೊತೆ ಎಷ್ಟು ಗತ್ತಲ್ಲಿ ನಿಂತಿದ್ದಾರೆ ಅಂತ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದ ಜೆರ್ರಿ ಶೋರ್ಸ್ ಕುಟುಂಬದ್ದೂ ಇದೆ, ವೆಸ್ಟರ್ವಿಲ್ ಹತ್ರ, 1887. ಆದ್ರೆ ಫೋಟೋದಲ್ಲಿ ಇಲ್ಲದೋರನ್ನೂ ನೆನೆಸ್ಕೋಬೇಕು. ಆ ಸೀಮೇಲಿ ಬೇಟೆಯಾಡಿಕೊಂಡು ಓಡಾಡ್ತಿದ್ದ ಪಾನಿ ಅನ್ನೋ ಮೂಲನಿವಾಸಿ ಜನರನ್ನ 1870ರ ದಶಕದಲ್ಲಿ ಈಗಿನ ಓಕ್ಲಹೋಮಾಕ್ಕೆ ಸಾಗಹಾಕಿದ್ರು, ಅದೇ ದಶಕದಲ್ಲಿ, 1877ರಲ್ಲಿ ಕೌಂಟಿ ಆಯ್ತು, ಹೆಸರಿಟ್ಟಿದ್ದು ಹಿಂದಿನ ವರ್ಷ ಮೂಲನಿವಾಸಿಗಳ ಜೊತೆ ಯುದ್ಧದಲ್ಲಿ ಸತ್ತ ಕಸ್ಟರ್ ಅನ್ನೋ ಸೇನಾಧಿಕಾರಿದು. ‘ಖಾಲಿ ಬಿದ್ದಿದ್ದ ಜಾಗ’ ಅಂತ ಯಾರಾದ್ರೂ ಬರೆದ್ರೆ ನನಗೆ ಸಿಟ್ಟು ಬರೋದು ಇದಕ್ಕೇ.

ಇನ್ನು ನಿಮ್ಮ ಡಬ್ಬಿ. ದಪ್ಪ ರಟ್ಟಿನ ಫೋಟೋಗಳು, ನೀವು ಹೇಳಿದ ಅಳತೆ ನಾಲ್ಕೂಕಾಲು ಆರೂವರೆ ಇಂಚು, ಅವು ಕ್ಯಾಬಿನೆಟ್ ಕಾರ್ಡುಗಳು, 1870ರಿಂದ 1900ರ ಆಚೀಚೆ ಎಲ್ಲ ಕಡೆ ನಡೀತಿದ್ದವು. ಕೆಳಗೆ ಸ್ಟುಡಿಯೋ ಹೆಸರು, ಊರ ಹೆಸರು ಅಚ್ಚಾಗಿರುತ್ತೆ, ಊರು ಯಾವಾಗ ಹುಟ್ಟಿತು ಅಂತ ನೋಡಿದ್ರೆ ಅದಕ್ಕಿಂತ ಹಿಂದಿಂದಲ್ಲ ಅಂತ ಆಯ್ತು. ಬಟ್ಟೆ ನೋಡಿ ವರ್ಷ ಹೇಳೋದಕ್ಕೆ ನಾನು ಅಷ್ಟು ಬೆಲೆ ಕೊಡಲ್ಲ, ಹಳ್ಳಿ ಹೆಂಗಸು ಮದುವೆ ಸೀರೇನ ಇಪ್ಪತ್ತು ವರ್ಷ ಇಟ್ಟು ಉಡೋ ಹಾಗೆ ಅಲ್ಲೂ ಒಳ್ಳೆ ಗೌನು ಒಂದೇ ಇರ್ತಿತ್ತು.

ಪೋಸ್ಟ್‌ಕಾರ್ಡಿಗೆ ಬೆನ್ನೇ ಜಾತಕ. ಅಮೆರಿಕದಲ್ಲಿ 1907ರ ಮಾರ್ಚ್ 1ರ ತನಕ ಹಿಂಬದಿಯಲ್ಲಿ ವಿಳಾಸ ಬಿಟ್ಟು ಬೇರೇನೂ ಬರೆಯೋ ಹಾಗಿರಲಿಲ್ಲ, ಆಮೇಲೆ ಮಧ್ಯ ಗೆರೆ ಬಂತು, ಎಡಕ್ಕೆ ಮಾತು ಬಲಕ್ಕೆ ವಿಳಾಸ. ನಿಮ್ಮ ಕಾರ್ಡಲ್ಲಿ ಗೆರೆ ಇದ್ರೆ 1907ರ ಈಚೆ. ಸ್ಟಾಂಪ್ ಅಂಟಿಸೋ ಚೌಕದಲ್ಲಿ ಏಝಡ್ಓ (AZO, ಫೋಟೋ ಕಾಗದದ ಬ್ರ್ಯಾಂಡು) ಅಂತ ಅಕ್ಷರ ಇದ್ದು ನಾಲ್ಕೂ ಮೂಲೆ ತ್ರಿಕೋನ ಮೇಲ್ಮುಖ ಇದ್ರೆ ಸುಮಾರು 1904ರಿಂದ 1918, ಎರಡು ಮೇಲೆ ಎರಡು ಕೆಳಗೆ ಮುಖ ಮಾಡಿದ್ರೆ 1918ರಿಂದ 1930ರ ಒಳಗಿನ ಕಾಗದ. ಇವೆಲ್ಲ ಅಚ್ಚುಹಾಕಿದ ಚಿತ್ರ ಅಲ್ಲ, ನಿಜವಾದ ಫೋಟೋನೇ. ಕೊಡಕ್‌ನವರು 1903ರಲ್ಲಿ ಪೋಸ್ಟ್‌ಕಾರ್ಡ್ ಅಳತೆಯ ನೆಗೆಟಿವ್ ಬರೋ ಮಡಚೋ ಕ್ಯಾಮೆರಾ ತಂದ್ರು, ನೆಗೆಟಿವ್ವನ್ನ ಕಾರ್ಡಿನ ಮೇಲಿಟ್ಟು ಬೆಳಕಿಗೆ ಹಿಡಿದ್ರೆ ಆಯ್ತು, ಹಳ್ಳಿಯ ಔಷಧಿ ಅಂಗಡಿಯವನೂ ಫೋಟೋಗ್ರಾಫರ್ ಆದ. ಒಂದು ಸೆಂಟಿನ ಸ್ಟಾಂಪಿಗೆ ಸುಂಟರಗಾಳಿಗೆ ಹಾರಿಹೋದ ಕೊಟ್ಟಿಗೆ, ಒಕ್ಕಣೆ ಮಿಷನ್ ಮುಂದೆ ನಿಂತ ಆಳುಗಳು, ಊರ ಮುಖ್ಯ ಬೀದಿ, ಎಲ್ಲ ನೆಂಟರ ಮನೆ ತಲುಪ್ತಿತ್ತು. ನೂರಾರು ಕಾಪಿ ಏನಲ್ಲ, ಎಷ್ಟೋ ಸಲ ಒಂದೋ ಎರಡೋ ಕಾಪಿ ಅಷ್ಟೇ. ನಿಮ್ಮ ಕೈಲಿರೋದು ಲೋಕದಲ್ಲಿ ಅದೊಂದೇ ಆಗಿರಬಹುದು.

ಅದಕ್ಕೇ ಅಳಿಯಂದಿರಿಗೆ ಸ್ವಲ್ಪ ತಡೀರಿ ಅನ್ನಿ. ಅವರ ಲೆಕ್ಕ ತಪ್ಪಲ್ಲ, ಸಾಡ್ ಹೌಸ್ ಫೋಟೋನೋ ಊರಬೀದಿ ಕಾರ್ಡೋ ಬೇರೆಯಾಗಿ ಮಾರಿದ್ರೆ ಡಬ್ಬಿ ಬೆಲೆಗಿಂತ ಜಾಸ್ತೀನೇ ಬರುತ್ತೆ, ಹೆಸರಿಲ್ಲದ ಮುಖದ ಫೋಟೋ ಹೆಚ್ಚುಕಮ್ಮಿ ಬಿಸಾಡೋ ಬೆಲೆಗೆ ಹೋಗುತ್ತೆ. ಆದ್ರೆ ಹಾಗೆ ಒಡೆದ ತಕ್ಷಣ ಆ ಹೆಸರಿಲ್ಲದ ಮುಖಕ್ಕೆ ಇನ್ನು ಯಾವತ್ತೂ ಹೆಸರು ಸಿಗಲ್ಲ. ಈಗ ಒಂದು ಕಾರ್ಡಿನ ಬೆನ್ನ ಮೇಲಿನ ವಿಳಾಸ, ಇನ್ನೊಂದು ಫೋಟೋದ ಸ್ಟುಡಿಯೋ, ನೋಟೀಸಲ್ಲಿರೋ ರೈತನ ಹೆಸರು, ಮೂರೂ ಒಂದೇ ಡಬ್ಬೀಲಿದ್ರೆ ಒಂದಕ್ಕೊಂದು ಸಾಕ್ಷಿ ಹೇಳ್ತವೆ. ಹೆಸರು ಸಿಕ್ಕಿದ್ರೆ ಅಮೆರಿಕ ಸರ್ಕಾರದ ಭೂಮಿ ದಾಖಲೆಯ ವೆಬ್‌ಸೈಟಲ್ಲಿ ಪಟ್ಟಾ ಯಾವ ವರ್ಷ ಆಯ್ತು ಅಂತ ದುಡ್ಡಿಲ್ಲದೆ ನೋಡಬಹುದು.

ಬುಚರ್‌ನ ಪ್ಲೇಟುಗಳು ಉಳಿದಿದ್ದೂ ಒಟ್ಟಿಗೆ ಇದ್ದಿದ್ದಕ್ಕೇ. 1899ರಲ್ಲಿ ಅವನ ಮನೆ ಸುಟ್ಟುಹೋಯ್ತು, ಬರೆದಿಟ್ಟಿದ್ದ ಚರಿತ್ರೆ ಎಲ್ಲ ಬೂದಿ, ಗಾಜಿನ ನೆಗೆಟಿವ್‌ಗಳು ಕಣಜದಲ್ಲಿ ಇದ್ದದ್ದರಿಂದ ಬಚಾವಾದವು. ಮತ್ತೆ ಬರೆದು 1901ರಲ್ಲಿ ಪುಸ್ತಕ ಮಾಡಿದ. ಕೊನೆಗೆ ರಾಜ್ಯದ ಇತಿಹಾಸ ಸಂಸ್ಥೆಗೆ ಅಷ್ಟೂ ಸಂಗ್ರಹ ಕೊಟ್ಟಾಗ ಕೈಗೆ ಬಂದಿದ್ದು 600 ಡಾಲರ್, ಮೂರು ಸಾವಿರದಷ್ಟು ಪ್ಲೇಟಿಗೆ! 1927ರಲ್ಲಿ ತೀರಿಹೋದ, ತಾನೊಬ್ಬ ಸೋತವನು ಅಂದ್ಕೊಂಡೇ ಹೋದ ಅಂತಾರೆ.

ಬೇರೆಯವರ ಮನೆ ಫೋಟೋ ಇಟ್ಕೊಳ್ಳೋದು ಸರೀನಾ ಅಂದ್ರಿ. ನೀವು ಕದ್ದಿಲ್ಲ. 1920ರಲ್ಲಿ ಆ ಕೌಂಟೀಲಿ 26 ಸಾವಿರಕ್ಕೂ ಜಾಸ್ತಿ ಜನ ಇದ್ರು, 2020ರ ಗಣತೀಲಿ ಹತ್ತೂವರೆ ಸಾವಿರ. ಮಕ್ಕಳು ಊರು ಬಿಟ್ಟರು, ಅಜ್ಜಿ ಹೋದ ಮೇಲೆ ಮನೆ ಸಾಮಾನು ಹರಾಜಿಗೆ ಹೋಗುತ್ತೆ, ಯಾರಿಗೂ ಬೇಡದ ಡಬ್ಬಿ ಅಂಗಡಿಗೆ ಬರುತ್ತೆ. ನೀವು ತಗೊಳ್ಳದೇ ಇದ್ದಿದ್ರೆ ಬಿಡಿಸಿ ಮಾರೋ ವ್ಯಾಪಾರಿ ತಗೊಳ್ತಿದ್ದ. ಇಟ್ಕೊಳ್ಳಿ, ಆದ್ರೆ ಎರಡೂ ಕಡೆ ಸ್ಕ್ಯಾನ್ ಮಾಡಿ (ಹಿಂಭಾಗ ಖಾಲಿ ಇದ್ರೂ ಮಾಡಿ) ಬ್ರೋಕನ್ ಬೋದಲ್ಲಿರೋ ಕೌಂಟಿ ಇತಿಹಾಸ ಸಂಘಕ್ಕೆ ಕಳಿಸಿ, ಯಾವ ಊರ ಅಂಗಡೀಲಿ ಯಾವಾಗ ತಗೊಂಡ್ರಿ ಅಂತ ಒಂದು ಚೀಟಿ ಬರೆದು ಡಬ್ಬಿಯೊಳಗೇ ಇಡಿ. ಫೋಟೋ ಹಿಂದೆ ಬರೆಯಲೇಬೇಕು ಅಂದ್ರೆ ಮೆತ್ತಗಿನ ಪೆನ್ಸಿಲ್, ಪೆನ್ ಬೇಡ. ಸೆಲೋ ಟೇಪು, ಲ್ಯಾಮಿನೇಶನ್ನು ದಯವಿಟ್ಟು ಮಾಡಿಸಬೇಡಿ, ದಾವಣಗೆರೆ ಬಿಸಿಲಿಗೆ ಗೋಡೆಗೂ ತೂಗುಹಾಕಬೇಡಿ.

ಕೊನೇದಾಗಿ ಆ ನೋಟೀಸು, ನನಗೆ ಡಬ್ಬೀಲಿ ಎಲ್ಲಕ್ಕಿಂತ ಆಸೆ ಹುಟ್ಟಿಸಿದ್ದು ಅದೇ. ಕುದುರೆ ಆರು, ಹಾಲು ಕರೆಯೋ ಹಸು, ಕೆನೆ ತೆಗೆಯೋ ಮಿಷನ್, ಕುದುರೆ ಸಜ್ಜು, ಒಂದು ಬ್ಯಾಟರಿ ರೇಡಿಯೋ ಅಂತ ಪಟ್ಟಿ ಬರೆದು ಕಳಿಸಿದ್ದೀರಿ. ಫೋಟೋದಲ್ಲಿ ಹೆಮ್ಮೆಯಿಂದ ಅಂಗಳಕ್ಕೆ ತಂದು ತೋರಿಸಿದ್ದ ಥರದ ಸಾಮಾನೇ ಇಲ್ಲಿ ಮಾರಾಟಕ್ಕೆ ಅಂಗಳಕ್ಕೆ ಬಂದಿದೆ. ಇಂಥ ನೋಟೀಸುಗಳಲ್ಲಿ ವರ್ಷ ಹಾಕದೇ ಇರೋದು ಮಾಮೂಲು, ಮುಂದಿನ ವಾರದ ಹರಾಜಿಗೆ ವರ್ಷ ಯಾಕೆ ಬೇಕು? ಆದ್ರೆ ವಾರ, ತಾರೀಕು ಎರಡೂ ಇದ್ರೆ ಲೆಕ್ಕ ಹಾಕಬಹುದು. ಪಟ್ಟೀಲಿ ಕುದುರೇನೂ ರೇಡಿಯೋನೂ ಒಟ್ಟಿಗಿವೆ, ಹಾಗಾಗಿ 1920ರಿಂದ 1940ರ ಒಳಗೆ ಅಂತ ಇಟ್ಕೊಳ್ಳೋಣ, ಆ ಅವಧೀಲಿ ಫೆಬ್ರವರಿ 14 ಮಂಗಳವಾರ ಬಂದಿದ್ದು ನಾಲ್ಕೇ ಸಲ, 1922, 1928, 1933, 1939. ರೈತನ ಮನೇಲಿ ರೇಡಿಯೋ ಇದೆ ಅಂದ ಮೇಲೆ 1922ನ್ನ ಬಹುಶಃ ಬಿಡಬಹುದು. 1933 ಆಗಿದ್ರೆ ಕಥೆ ಬೇರೇನೇ, ಆಗ ಬೆಳೆಗೆ ಬೆಲೆ ಬಿದ್ದು ನೆಬ್ರಾಸ್ಕಾದಲ್ಲಿ ಸಾಲಕ್ಕೆ ಹರಾಜಾಗೋ ಹೊಲಮನೆಗಳ ಮುಂದೆ ಅಕ್ಕಪಕ್ಕದ ರೈತರು ಗುಂಪುಗಟ್ಟಿ ನಿಂತು, ಹೊರಗಿನವರು ಕೂಗದ ಹಾಗೆ ನೋಡ್ಕೊಂಡು, ಕುದುರೇನ ಬಿಡಿಗಾಸಿಗೆ ಕೂಗಿ ವಾಪಸ್ ಅದೇ ರೈತನಿಗೆ ಕೊಡ್ತಿದ್ದ ಕಾಲ, ಅದೇ ವರ್ಷ ರಾಜ್ಯ ಸರ್ಕಾರ ಅಡಮಾನದ ಹರಾಜುಗಳನ್ನ ಮುಂದೂಡೋ ಕಾನೂನನ್ನೂ ತಂತು. ಆದ್ರೆ ಬರೀ ವಯಸ್ಸಾಯ್ತು ಅಂತ ಮಾರಿ ಪಟ್ಟಣ ಸೇರಿದವನ ನೋಟೀಸೂ ಇದೇ ಥರ ಇರುತ್ತೆ, ಹಾಗಾಗಿ ಈಗಲೇ ಕಣ್ಣೀರು ಹಾಕೋದು ಬೇಡ. ನೋಟೀಸಿನ ಕೆಳಗೆ ಲೆಕ್ಕ ನೋಡ್ಕೊಂಡ ಬ್ಯಾಂಕಿನ ಹೆಸರು ಇದ್ಯಾ ನೋಡಿ, ಆ ಇಪ್ಪತ್ತು ವರ್ಷದಲ್ಲಿ ಅಲ್ಲಿ ಎಷ್ಟೋ ಸಣ್ಣ ಬ್ಯಾಂಕು ಮುಳುಗಿದವು, ಕ್ಯಾಲೆಂಡರಿನ ಬ್ಯಾಂಕೂ ಅದೇ ಆಗಿದ್ದು ಅದು ಬಾಗಿಲು ಹಾಕಿದ ವರ್ಷ ಗೊತ್ತಾದ್ರೆ ಇನ್ನೊಂದೋ ಎರಡೋ ವರ್ಷ ಕಳೆದುಹೋಗುತ್ತೆ. ಉಳಿದಿದ್ದಕ್ಕೆ ಅಲ್ಲಿನ ವಾರಪತ್ರಿಕೆ ಇದೆ, ಹರಾಜಿನ ಜಾಹೀರಾತು ಅದರಲ್ಲೂ ಬಂದಿರುತ್ತೆ, ಇತಿಹಾಸ ಸಂಘದವರು ಫೆಬ್ರವರಿ ಮೊದಲೆರಡು ವಾರದ ಸಂಚಿಕೆ ಮಾತ್ರ ತಿರುವಿ ಹಾಕಿದ್ರೆ ಸಾಕು. ಮಗಳಿಗೆ ಒಂದು ಮೇಲ್ ಮಾಡೋಕೆ ಹೇಳಿ, ಜೊತೆಗೆ ನೋಟೀಸಿನ ಎರಡೂ ಬದಿಯ ಫೋಟೋ ನಮಗೂ ಕಳಿಸಿ.