ಹ್ಯಾಂಡಲ್‌ನ ಕೊಂಬು ಬಿಚ್ಚಿಸುವ ಮೊದಲು ಒಂದು ಟೇಪು ಹಿಡಿದು ಅಳೆಯಿರಿ

ಇಷ್ಟು ಬೇಗ ಬಿಚ್ಚಿಸಬೇಡಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೆಯ 26 ಇಂಚಿನ ಮೌಂಟನ್ ಬೈಕ್ ತಗೊಂಡಿದ್ದೀರಿ. ಹ್ಯಾಂಡಲ್‌ನ ಎರಡೂ ತುದಿಯಲ್ಲಿ ಕೊಂಬಿನ ಹಾಗೆ ಕೊಳವೆ ಇದೆ. ಅಂಗಡಿಯವರು "ಇದೆಲ್ಲ ಹಳೇದು, ತೆಗೆದುಬಿಡೋಣ" ಅಂದಿದ್ದಾರೆ. ಇದರಿಂದ ನಿಜಕ್ಕೂ ಉಪಯೋಗ ಇದೆಯಾ, ಇದ್ದರೆ ಈಗಿನ ಸೈಕಲ್‌ಗಳಲ್ಲಿ ಯಾಕೆ ಕಾಣಿಸುವುದಿಲ್ಲ ಅಂತ ನಿಮ್ಮ ಪ್ರಶ್ನೆ. ಇದಕ್ಕೆ ಬಾರ್ ಎಂಡ್ ಅನ್ನುತ್ತಾರೆ. ನಾವು ಮೊದಲಿನಿಂದಲೂ ಕೊಂಬು ಅಂತಲೇ ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ. 13 ವರ್ಷದಿಂದ ನಾನು ಕೊಂಬಿರುವ ಸೈಕಲ್ ತುಳಿಯುತ್ತಿದ್ದೇನೆ. ಮನೆಯಲ್ಲಿ ಇನ್ನೊಂದು ಹೊಸ ಸೈಕಲ್ ಇದೆ, ಅದಕ್ಕೆ ಕೊಂಬಿಲ್ಲ, ಹಾಕಿಸುವುದೂ ಇಲ್ಲ. ಎರಡಕ್ಕೂ ಕಾರಣ ಇದೆ.

ಮೊದಲು ಕೈಯಿಂದ ಶುರು ಮಾಡೋಣ. ಎದ್ದು ನಿಂತು ಎರಡೂ ಕೈ ಸುಮ್ನೆ ಜೋತು ಬಿಡಿ. ಅಂಗೈ ಎತ್ತ ನೋಡುತ್ತಿದೆ? ತೊಡೆಯ ಕಡೆಗೆ, ಅಲ್ವಾ? ಹೆಬ್ಬೆರಳು ಮುಂದಕ್ಕೆ ಇರುತ್ತದೆ. ತುಂಬಿದ ಬಕೆಟ್ ಹಿಡಿದು ನಡೆಯುವಾಗಲೂ ಕೈ ಹೀಗೇ ಇರುತ್ತದೆ. ಈಗ ನೇರ ಹ್ಯಾಂಡಲ್ ಹಿಡಿದ ಹಾಗೆ ಕೈ ಮುಂದೆ ಚಾಚಿ. ಅಂಗೈ ನೆಲ ನೋಡುತ್ತದೆ. ಅಂದರೆ ಮುಂಗೈ ಸುಮಾರು ಕಾಲು ಸುತ್ತು ತಿರುಚಿಕೊಂಡಿತು. ಹಾಲು ತರಲು ಹೋಗುವಾಗ ಇದು ಗೊತ್ತೇ ಆಗುವುದಿಲ್ಲ. ಮೂರು ಗಂಟೆ ಹಾಗೇ ಕೂತರೆ ಗೊತ್ತಾಗುತ್ತದೆ.

ಮೊಣಕೈ ಗೋಡೆಗೆ ತಾಗಿದಾಗ ಕರೆಂಟ್ ಹೊಡೆದ ಹಾಗೆ ಆಗುತ್ತದಲ್ಲ, ಅದು ಅಲ್ನಾರ್ ನರ. ಅದೇ ನರ ಕೆಳಗಿಳಿದು, ಅಂಗೈ ಬುಡದಲ್ಲಿ ಕಿರುಬೆರಳಿನ ಕಡೆ ಹಾದುಹೋಗುತ್ತದೆ. ನೇರ ಹ್ಯಾಂಡಲ್ ಮೇಲೆ ಭಾರ ಬಿಟ್ಟು ಕೂತರೆ ಒತ್ತುವುದು ಸರಿಯಾಗಿ ಆ ಜಾಗವನ್ನೇ. ಆಗ ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿಯುತ್ತವೆ. ನಾನು ಮೊದಲ ಸಲ 200 ಕಿ.ಮೀ. ಬ್ರೆವೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ, ಮಾಡಿದಾಗ ಹೀಗೇ ಆಯಿತು. 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು, ಕೈ ಎಲ್ಲಿಟ್ಟಿದ್ದೇನೆ ಅನ್ನುವ ಕಡೆ ಗಮನವೇ ಇರಲಿಲ್ಲ. ಸುಮಾರು 140 ಕಿ.ಮೀ. ಆದ ಮೇಲೆ ಒಂದು ಟೀ ಅಂಗಡಿಯಲ್ಲಿ ನಿಂತೆ. ಜೇಬಿನಿಂದ ಚಿಲ್ಲರೆ ತೆಗೆದರೆ ಬೆರಳಿಗೆ ನಾಣ್ಯದ ಅಂಚೇ ತಿಳಿಯುತ್ತಿಲ್ಲ. ಅಂಗೈ ಮೇಲೆ ಹರಡಿ ಅಂಗಡಿಯ ಅಜ್ಜಿಗೆ ತೋರಿಸಿದೆ, ಅವರೇ ಆರಿಸಿಕೊಂಡರು. ಬೆರಳು ಸರಿಹೋಗಲು ನಾಲ್ಕು ದಿನ ಬೇಕಾಯಿತು. ಕೊಂಬು ಹಾಕಿಸಿದ್ದು ಆಮೇಲೆ.

ಹಾಗಂತ ಕೊಂಬೇನೂ ಔಷಧಿಯಲ್ಲ. ಅದು ಕೈಗೆ ಇನ್ನೊಂದು ಜಾಗ ಕೊಡುತ್ತದೆ, ಅಷ್ಟೇ. ಹತ್ತು ನಿಮಿಷ ಗ್ರಿಪ್ ಮೇಲೆ, ಐದು ನಿಮಿಷ ಕೊಂಬಿನ ಮೇಲೆ, ಮತ್ತೆ ಗ್ರಿಪ್ ಮೇಲೆ. ಒತ್ತಡ ಒಂದೇ ಕಡೆ ನಿಲ್ಲುವುದಿಲ್ಲ. ರೋಡ್ ಸೈಕಲ್‌ನ ಬಾಗಿದ ಹ್ಯಾಂಡಲ್‌ನಲ್ಲಿ ಕೈಗೆ ಮೂರು ಜಾಗ ಇದೆ. ನೇರ ಹ್ಯಾಂಡಲ್‌ನಲ್ಲಿ ಇರುವುದು ಒಂದೇ. ಕೊಂಬು ಹಾಕಿದರೆ ಎರಡಾಗುತ್ತದೆ. ಒಂದು ಮಾತು. ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಮೈಭಾರವೆಲ್ಲ ಜಾರಿ ಕೈ ಮೇಲೆ ಬೀಳುತ್ತದೆ, ಆಗ ಕೊಂಬು ಹಾಕಿದರೂ ಜೋಮು ತಪ್ಪುವುದಿಲ್ಲ. ಮೊದಲು ಸೀಟು ಮಟ್ಟ ಮಾಡಿಸಿ.

ಇನ್ನೊಂದು ಉಪಯೋಗ ಏರಿನಲ್ಲಿ. ನನಗೆ ಕೊಂಬು ಇಷ್ಟವಾಗಿದ್ದೇ ಅಲ್ಲಿ. ನೀವು ಬೆಂಗಳೂರಿನ ಕಡೆಯವರಾದರೆ ಒಂದು ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಈ ಸೈಕಲ್‌ನಲ್ಲೇ ಹೋಗಿ ನೋಡಿ. ಬೆಟ್ಟದ ಎತ್ತರ 1,478 ಮೀಟರ್, ಕಾರಹಳ್ಳಿ ಕ್ರಾಸ್ ದಾಟಿದ ಮೇಲೆ ಬುಡದಿಂದ ತುದಿಯವರೆಗೆ ತಿರುವಿನ ಮೇಲೆ ತಿರುವು. ಕೂತು ತುಳಿದು ತೊಡೆ ಉರಿಯುವ ಹೊತ್ತಿಗೆ ಒಂದು ಗೇರ್ ಗಟ್ಟಿ ಮಾಡಿ, ಕೊಂಬು ಹಿಡಿದು ಎದ್ದು ನಿಲ್ಲಿ. ಬಲಗಾಲು ಕೆಳಗೆ ಹೋಗುವಾಗ ಬಲಗೈ ಕೊಂಬನ್ನು ತನ್ನ ಕಡೆ ಎಳೆಯುತ್ತದೆ. ಎಡಗಾಲಿಗೆ ಎಡಗೈ. ಸೈಕಲ್ ಅತ್ತಿತ್ತ ಸ್ವಲ್ಪ ವಾಲುತ್ತಾ ಮೇಲೇರುತ್ತದೆ. ಬಾವಿಯಿಂದ ನೀರು ಸೇದುವಾಗ ಬೆನ್ನು, ತೋಳು ಎರಡೂ ಸೇರಿ ಎಳೆಯುತ್ತವಲ್ಲ, ಹಾಗೆ. ಅಂಗೈ ಒಳಮುಖವಾಗಿರುವುದರಿಂದ ಮಣಿಕಟ್ಟು ಮಡಚುವುದಿಲ್ಲ. ಮೈ ಮುಂದಕ್ಕೆ ಬರುತ್ತದೆ, ಎದೆ ತೆರೆದುಕೊಂಡು ಉಸಿರಾಟ ಸಲೀಸಾಗುತ್ತದೆ. ಮೂವತ್ತು, ನಲವತ್ತು ಸಲ ತುಳಿದು ಮತ್ತೆ ಕೂತರೆ ಕಾಲಿಗೆ ಹೊಸ ಬಲ ಬಂದ ಹಾಗಿರುತ್ತದೆ.

ಆದರೆ ಇದು ಟಾರು ರಸ್ತೆಗೆ, ಗಟ್ಟಿ ಮಣ್ಣಿಗೆ ಹೇಳಿದ ಮಾತು. ಉದುರು ಜಲ್ಲಿ ಇರುವ ಏರಿನಲ್ಲಿ ಎದ್ದು ನಿಂತರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ, ಚಕ್ರ ನಿಂತಲ್ಲೇ ಸುತ್ತುತ್ತದೆ. ಅಲ್ಲಿ ಕೂತೇ ತುಳಿಯಬೇಕು.

ಇಷ್ಟೆಲ್ಲ ಒಳ್ಳೆಯದಿದ್ದರೆ ಯಾಕೆ ಹೋಯಿತು? ಕೊಂಬು ಕೆಟ್ಟದ್ದು ಅಂತ ಯಾರೂ ಕಂಡುಹಿಡಿಯಲಿಲ್ಲ. ಅದರ ಸುತ್ತ ಇದ್ದ ಸೈಕಲ್ಲೇ ಬದಲಾಯಿತು.

1980ರ ದಶಕದ ಕೊನೆಗೆ ಕೊಂಬು ಬಂತು, 1990ರ ದಶಕದಲ್ಲಿ ಎಲ್ಲ ಕಡೆ ಕಾಣಿಸುತ್ತಿತ್ತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮೌಂಟನ್ ಬೈಕ್ ಮೊದಲ ಸಲ ಸೇರಿದಾಗ ಕ್ರಾಸ್ ಕಂಟ್ರಿ ರೇಸ್ ಸೈಕಲ್‌ಗೆ ಅದು ಮಾಮೂಲಿ ಸಾಮಾನು. ಆಗಿನ ಹ್ಯಾಂಡಲ್ ಎಷ್ಟು ಅಗಲ ಇತ್ತು ಗೊತ್ತಾ? 560ರಿಂದ 600 ಮಿ.ಮೀ. ನಮ್ಮ ಭುಜಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದನ್ನು ಹಿಡಿದಿರುವ ಸ್ಟೆಮ್ 120, 130 ಮಿ.ಮೀ. ಉದ್ದ ಇರುತ್ತಿತ್ತು. ಸವಾರ ಮುಂದಕ್ಕೆ ಬಗ್ಗಿ ಕೂತಿರುತ್ತಿದ್ದ. ಅಷ್ಟು ಕಿರಿದಾದ ಹ್ಯಾಂಡಲ್‌ನಿಂದ ಏರಿನಲ್ಲಿ ಎಳೆಯಲು ಹಿಡಿತ ಸಾಲುತ್ತಿರಲಿಲ್ಲ, ಅದನ್ನು ಕೊಂಬು ಕೊಡುತ್ತಿತ್ತು.

ಈಗಿನ ಟ್ರೇಲ್ ಸೈಕಲ್, ಅಂದರೆ ಕಲ್ಲುಮಣ್ಣಿನ ಕಾಲುದಾರಿಗೆ ಮಾಡಿದ ಮೌಂಟನ್ ಬೈಕ್ ನೋಡಿ. ಹ್ಯಾಂಡಲ್ 760ರಿಂದ 800 ಮಿ.ಮೀ., ಸ್ಟೆಮ್ 35ರಿಂದ 50 ಮಿ.ಮೀ. ಅಗಲ ಇರುವುದರಿಂದ ಹ್ಯಾಂಡಲ್ ತಿರುಗಿಸಲು, ಕಲ್ಲಿನ ಮೇಲೆ ಹಿಡಿದಿಡಲು ಬೇಕಾದಷ್ಟು ಬಲ ಸಿಗುತ್ತದೆ. ಅದರ ತುದಿಗೆ ಕೊಂಬು ಹಾಕಿದರೆ? ದಂಡ ಹೊಡೆಯುವಾಗ ಕೈಗಳನ್ನು ತೀರಾ ದೂರ ಇಟ್ಟು ನೋಡಿ, ಬಲವೇ ಬರುವುದಿಲ್ಲ. 780 ಮಿ.ಮೀ. ಹ್ಯಾಂಡಲ್‌ನ ತುದಿಯಲ್ಲಿ ಕೊಂಬು ಹಿಡಿದು ಎಳೆದರೂ ಅಷ್ಟೇ. ನನ್ನ ಹೊಸ ಸೈಕಲ್‌ಗೆ ಹಾಕಿಸದೇ ಇರಲು ಕಾರಣ ಇದೇ.

ಗೇರ್ ಕೂಡ ಬದಲಾಯಿತು. ಹಿಂದೆ ಮುಂಭಾಗದ ಚಿಕ್ಕ ಚಕ್ರಕ್ಕೆ 24 ಹಲ್ಲು, ಹಿಂದಿನ ದೊಡ್ಡದಕ್ಕೆ 28 ಹಲ್ಲು ಇರುವುದು ಸಾಮಾನ್ಯವಾಗಿತ್ತು. 2016ರಲ್ಲಿ ಸ್ರಾಮ್ ಕಂಪನಿ ಈಗಲ್ ಅನ್ನುವ 12 ಗೇರಿನ ಸೆಟ್ ತಂದಿತು, ಅದರಲ್ಲಿ ಹಿಂದಿನ ದೊಡ್ಡ ಚಕ್ರಕ್ಕೇ 50 ಹಲ್ಲು. ಆಮೇಲೆ ಶಿಮಾನೊ 51 ಹಲ್ಲಿನದು ತಂದಿತು. ಹಿಂದೆ ಹಲ್ಲು ಜಾಸ್ತಿಯಾದಷ್ಟೂ ತುಳಿಯುವುದು ಹಗುರ. ಇಷ್ಟು ಹಗುರ ಗೇರ್ ಇದ್ದರೆ ಎದ್ದು ನಿಲ್ಲುವ ಪ್ರಸಂಗವೇ ಕಮ್ಮಿ. ಕೂತೇ ನಿಧಾನವಾಗಿ ಹತ್ತಬಹುದು. ಸಸ್ಪೆನ್ಷನ್ ಬಂದಿದ್ದೂ ಕಾರಣವೇ. ಮುಂದೆ ಹಿಂದೆ ಸ್ಪ್ರಿಂಗ್ ಇರುವ ಸೈಕಲ್‌ನಲ್ಲಿ ಎದ್ದು ನಿಂತು ಎಳೆದರೆ ಅದು ಜಗ್ಗುತ್ತದೆ, ಶಕ್ತಿ ಅಲ್ಲೇ ಪೋಲಾಗುತ್ತದೆ.

ಇವೆಲ್ಲ ನ್ಯಾಯವಾದ ಕಾರಣಗಳು. ಆದರೆ ಇದಕ್ಕಿಂತ ಮುಂಚೆಯೇ ಕೊಂಬು ಮರೆಯಾಗತೊಡಗಿತ್ತು, ಅದು ನೋಟಕ್ಕಾಗಿ. 1990ರ ದಶಕದ ಕೊನೆಗೆ ಬೆಟ್ಟ ಇಳಿಯುವ ಡೌನ್‌ಹಿಲ್ ಸೈಕಲ್‌ಗಳ ಹುಚ್ಚು ಜೋರಾಯಿತು. ತುದಿ ಮೇಲಕ್ಕೆ ಬಾಗಿದ ರೈಸರ್ ಹ್ಯಾಂಡಲ್ ಬಂತು. ಅದಕ್ಕೆ ಕೊಂಬು ಹಾಕಿದರೆ ಚೆನ್ನಾಗಿ ಕಾಣುವುದಿಲ್ಲ ಅಂತ ಜನ ಬಿಟ್ಟರು. ಅವರನ್ನು ನೋಡಿ, ನೇರ ಕಿರಿದಾದ ಹ್ಯಾಂಡಲ್ ಇದ್ದವರೂ ತೆಗೆಸಿದರು. ಇದು ನನಗೆ ಬೇಜಾರಿನ ವಿಷಯ. ಉಪಯೋಗ ಇದ್ದವರಿಗೂ ಅದು ತಪ್ಪಿಹೋಯಿತು. ಈಗ ನಿಮ್ಮ ಅಂಗಡಿಯವರು ಹೇಳಿದ್ದೂ ಅದರದೇ ಮುಂದುವರಿಕೆ.

ಕೊಂಬಿನ ತೊಂದರೆಯನ್ನೂ ಹೇಳಿಬಿಡುತ್ತೇನೆ. ಕನಕಪುರ ರಸ್ತೆ ಕಡೆ ಒಂದು ನೀಲಗಿರಿ ತೋಪಿನೊಳಗೆ ಕಾಲುದಾರಿ ಇದೆ. ಎರಡೂ ಕಡೆ ಲಂಟಾನ ಪೊದೆ. ಇಳಿಜಾರಿನಲ್ಲಿ ಸ್ವಲ್ಪ ವೇಗವಾಗಿ ಬರುತ್ತಿದ್ದೆ. ಎಡಗೊಂಬು ಬಾಗಿದ ಲಂಟಾನ ಕಡ್ಡಿಯೊಳಗೆ ಸಿಕ್ಕಿತು. ಕಡ್ಡಿ ಕೊಕ್ಕೆಯಂತೆ ಹಿಡಿದು ಎಳೆಯಿತು, ಹ್ಯಾಂಡಲ್ ಎಡಕ್ಕೆ ತಿರುಗಿತು, ನಾನು ಬಲಕ್ಕೆ ಬಿದ್ದೆ. ಭುಜ ತರಚಿತು. ಮರದ ಸಂದಿಯಲ್ಲಿ ಓಡಿಸುವವರಿಗೆ ಇದು ನಿಜವಾದ ಅಪಾಯ. ನಿಮ್ಮ ಸವಾರಿ ಹೆಚ್ಚಾಗಿ ಅಂಥ ದಾರಿಯಲ್ಲಾದರೆ ಬಿಚ್ಚಿಸಿಬಿಡಿ, ನಾನು ತಡೆಯುವುದಿಲ್ಲ.

ಬ್ರೇಕಿನ ವಿಷಯ ಇನ್ನೂ ಮುಖ್ಯ. ಕೊಂಬು ಹಿಡಿದಾಗ ಬೆರಳು ಬ್ರೇಕ್ ಮೇಲೆ ಇರುವುದಿಲ್ಲ. ಆಟೋ, ನಾಯಿ, ಬಾಗಿಲು ತೆರೆಯುವ ಕಾರು ಇರುವ ಬೀದಿಯಲ್ಲಿ ಕೊಂಬು ಮುಟ್ಟಲೇಬೇಡಿ. ಇಳಿಜಾರಿನಲ್ಲೂ ಬೇಡ. ಏರು ಮತ್ತು ಖಾಲಿ ರಸ್ತೆ, ಅದರ ಜಾಗ ಇವೆರಡೇ.

ಈಗ ನಿಮ್ಮ ಸೈಕಲ್‌ಗೆ ಬರೋಣ. ಟೇಪು ಹಿಡಿದು ಹ್ಯಾಂಡಲ್ ತುದಿಯಿಂದ ತುದಿಗೆ ಅಳೆಯಿರಿ. 620 ಮಿ.ಮೀ. ಒಳಗಿದ್ದು, ಮೇಲಕ್ಕೆ ಬಾಗದೆ ನೇರ ಇದ್ದರೆ ಕೊಂಬು ಇಟ್ಟುಕೊಳ್ಳಿ. 26 ಇಂಚಿನ ಹಳೆಯ ಸೈಕಲ್ ಅಂದಿದ್ದೀರಿ, ಬಹುಶಃ ಅಷ್ಟೇ ಇರುತ್ತದೆ. 700 ದಾಟಿದ್ದರೆ ಯಾರೋ ಆಮೇಲೆ ಹ್ಯಾಂಡಲ್ ಬದಲಾಯಿಸಿದ್ದಾರೆ ಅಂತ ಅರ್ಥ, ಆಗ ಬೇಡ. ಹ್ಯಾಂಡಲ್ ಕಾರ್ಬನ್‌ದಾದರೆ ತುಂಬ ಹುಷಾರು. ತುದಿ ಗಟ್ಟಿ ಮಾಡಿರದ ಕಾರ್ಬನ್ ಕೊಳವೆಗೆ ಕೊಂಬಿನ ಬಿಗಿತ ಬಿದ್ದರೆ ಸೀಳುತ್ತದೆ. ಅಲ್ಯೂಮಿನಿಯಂ ಅಥವಾ ಕಬ್ಬಿಣವಾದರೆ ಚಿಂತೆಯಿಲ್ಲ.

ಹಳೆಯ ಸೈಕಲ್‌ಗಳಲ್ಲಿ ಕೊಂಬು ಆಕಾಶ ನೋಡುವ ಹಾಗೆ ನೆಟ್ಟಗೆ ನಿಂತಿರುವುದನ್ನು ತುಂಬ ನೋಡಿದ್ದೇನೆ. ಹಾಗಿದ್ದರೆ ಹಿಡಿಯಲು ಸುಖ ಇಲ್ಲ, ಬಿದ್ದಾಗ ಎದೆಗೂ ಅಪಾಯ. ಆಲನ್ ಕೀ ಹಾಕಿ ಬೋಲ್ಟ್ ಸಡಿಲ ಮಾಡಿ. ಸೈಕಲ್ ಪಕ್ಕದಿಂದ ನೋಡಿದರೆ ಕೊಂಬು ಮುಂದಕ್ಕೆ ಚಾಚಿ, ತುದಿ ಸ್ವಲ್ಪ ಮಾತ್ರ ಮೇಲಕ್ಕಿರಬೇಕು. ನೆಲಕ್ಕೆ 15, 20 ಡಿಗ್ರಿ ಸಾಕು. ಸೀಟಿನ ಮೇಲೆ ಕೂತು ಕಣ್ಣು ಮುಚ್ಚಿ ಹಿಡಿಯಿರಿ, ಮಣಿಕಟ್ಟು ಎಲ್ಲೂ ಮಡಚದೆ ಮುಂಗೈ ನೇರ ಬಂದರೆ ಅದೇ ನಿಮ್ಮ ಕೋನ. ಆಮೇಲೆ ಬಿಗಿ ಮಾಡಿ. ಎದ್ದು ನಿಂತು ಮೈಭಾರ ಬಿಟ್ಟಾಗ ಕೂದಲೆಳೆಯಷ್ಟೂ ತಿರುಗಬಾರದು. ಏರಿನ ನಡುವೆ ಕೊಂಬು ಜಾರಿದರೆ ಮುಖ ನೇರ ಸ್ಟೆಮ್‌ಗೆ ಬಡಿಯುತ್ತದೆ.

ಕೊಂಬಿನ ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಇದೆಯಾ ನೋಡಿ. ಹಳೆಯವುಗಳಲ್ಲಿ ಇದೇ ಮೊದಲು ಕಳೆದುಹೋಗುವುದು. ತೆರೆದ ಕೊಳವೆಯ ಅಂಚು ಬಿದ್ದಾಗ ಮಾಂಸದೊಳಗೆ ಇಳಿಯುತ್ತದೆ. ಮುಚ್ಚಳ ಸಿಗುವವರೆಗೆ ವೈನ್ ಬಾಟಲಿಯ ಬಿರಡೆಯನ್ನು ಕೆತ್ತಿ ತುರುಕಿದರೂ ನಡೆಯುತ್ತದೆ.

ಗ್ರಿಪ್ ಹಳೆಯದಾಗಿ ಅಂಟಂಟಾಗಿದ್ದರೆ ಬದಲಾಯಿಸಿ. ಕೊಂಬು ಬಿಚ್ಚಿ, ಗ್ರಿಪ್ ಕೆಳಗೆ ಕಡ್ಡಿ ತೂರಿಸಿ ಸೋಪು ನೀರು ಬಿಟ್ಟು ತಿರುವಿದರೆ ಬರುತ್ತದೆ. ಹೊಸ ಗ್ರಿಪ್‌ನ ತುದಿ ಮುಚ್ಚಿರುವುದಾದರೆ ಬ್ಲೇಡಿನಿಂದ ಅದನ್ನು ದುಂಡಗೆ ಕತ್ತರಿಸಿ, ಎರಡೂ ಕಡೆ ಕೊಂಬಿಗೆ ಸುಮಾರು 2 ಸೆಂ.ಮೀ. ಜಾಗ ಬಿಟ್ಟು ಕೂರಿಸಿ. ಕೊಂಬಿನ ಹಿಡಿತ ರಬ್ಬರ್ ಮೇಲಲ್ಲ, ಬರೀ ಲೋಹದ ಮೇಲೆ ಕೂರಬೇಕು.

ಒಂದು ವೇಳೆ ಅಗಲ ಹ್ಯಾಂಡಲ್ ಇದ್ದು ಕೈ ಜೋಮು ಹಿಡಿಯುತ್ತಿದ್ದರೆ ಬೇರೆ ದಾರಿ ಇದೆ. ಎರ್ಗಾನ್ ಕಂಪನಿಯ ಗ್ರಿಪ್‌ಗಳಲ್ಲಿ ಅಂಗೈ ಬುಡಕ್ಕೆ ಅಗಲವಾದ ರೆಕ್ಕೆ ಇರುತ್ತದೆ, ಕೆಲವಕ್ಕೆ ಚಿಕ್ಕ ಕೊಂಬೂ ಸೇರಿಯೇ ಬರುತ್ತದೆ. ಎಸ್‌ಕ್ಯೂಲ್ಯಾಬ್ ಅನ್ನುವವರು ಬ್ರೇಕಿಗಿಂತ ಒಳಗೆ ಕೂರುವ ಚಿಕ್ಕ ಕೊಂಬು ಮಾಡುತ್ತಾರೆ. ಕೈ ಹತ್ತಿರ ಬರುತ್ತದೆ, ಪೊದೆಗೂ ಸಿಕ್ಕುವುದಿಲ್ಲ. ಇಂಥವು ಇನ್ನೂ ಮಾರಾಟವಾಗುತ್ತಿವೆ ಅಂದರೆ ದೂರ ತುಳಿಯುವವರಿಗೆ ಕೈಯ ಇನ್ನೊಂದು ಜಾಗ ಇನ್ನೂ ಬೇಕಾಗಿದೆ ಅಂತಲೇ. ಜೋಮು ವಾರ ಕಳೆದರೂ ಹೋಗದಿದ್ದರೆ ಮಾತ್ರ ಸೈಕಲ್ ಬದಿಗಿಟ್ಟು ಡಾಕ್ಟರಿಗೆ ತೋರಿಸಿ.

ಹ್ಯಾಂಡಲ್ ಅಗಲ ಎಷ್ಟು ಬಂತು, ನೀವು ಹೆಚ್ಚಾಗಿ ಯಾವ ದಾರಿಯಲ್ಲಿ ಓಡಿಸುತ್ತೀರಿ ಅನ್ನುವುದನ್ನು ಕೆಳಗೆ ಬರೆಯಿರಿ. ಪಕ್ಕದಿಂದ ತೆಗೆದ ಒಂದು ಫೋಟೋ ಹಾಕಿದರೆ ಕೊಂಬಿನ ಕೋನವನ್ನೂ ನೋಡಿ ಹೇಳುತ್ತೇನೆ.